ತುರಿಸದ ಗಿಡದ ತುರಿಕೆ

ನನ್ನ ಹೆಂಡತಿ ತೀರಿಕೊಂಡು ಎಂಟು ತಿಂಗಳಾಯಿತು. ಅವಳು ನನಗೆ ಬಿಟ್ಟುಹೋದದ್ದು ಎರಡು. ಒಂದು ಗಿಡ, ಮತ್ತು ಆ ಗಿಡದ ಬಗ್ಗೆ ಓಣಿಗೆಲ್ಲ ನಂಬಿಸಿದ ಒಂದು ಸುಳ್ಳು. ಗಿಡಕ್ಕೆ ನೀರು ಹಾಕಿದರೆ ಸಾಕು. ಸುಳ್ಳನ್ನು ನೋಡಿಕೊಳ್ಳುವುದು ಕಷ್ಟ.

ನಾನು ಆಳಂದದ ಒಂದು ಬೇಳೆ ಮಿಲ್ಲಿನಲ್ಲಿ ತೂಕದ ಕೆಲಸ ಮಾಡುತ್ತೇನೆ. ಹತ್ತನೆಯ ತರಗತಿಯ ತನಕ ಕನ್ನಡ ಶಾಲೆಯಲ್ಲಿ ಓದಿದವನು. ಒಂಬತ್ತು ವರ್ಷದ ಹಿಂದೆ, ಅಸ್ಸಾಮಿನ ಕಡೆ ಬೇಳೆ ಇಳಿಸಿ ಬಂದ ಲಾರಿ ಡ್ರೈವರೊಬ್ಬ ಒದ್ದೆ ಗೋಣಿಯಲ್ಲಿ ಒಂದು ಬೇರಿನ ತುಂಡು ಸುತ್ತಿಕೊಂಡು ಬಂದ. ಆ ಕಡೆ ಇದರ ತೊಗಟೆಯಿಂದ ನೂಲು ತೆಗೆಯುತ್ತಾರಂತೆ. ತಂದವನಿಗೆ ಮನೆಯಲ್ಲಿ ಜಾಗವಿರಲಿಲ್ಲ, ನನ್ನ ಕೈಗೆ ಕೊಟ್ಟ. ನಾನು ಹೆಂಡತಿಯ ಕೈಗೆ ಕೊಟ್ಟೆ. ಬೇರಿಗಿಂತ ಗೋಣಿ ಚೆನ್ನಾಗಿದೆ ಎಂದಳು ಅವಳು.

ಆದರೂ ನೆಟ್ಟಳು. ಒಡೆದ ಪ್ಲಾಸ್ಟಿಕ್ ಡ್ರಮ್ಮನ್ನು ಅರ್ಧಕ್ಕೆ ಕೊಯ್ಯಿಸಿ, ತಳಕ್ಕೆ ತೂತು ಹಾಕಿಸಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇಡಿಸಿದಳು. ನಮ್ಮ ಎರೆ ಮಣ್ಣು ಒಂದೇ ಆದರೆ ನೀರು ಹಿಡಿದುಕೊಂಡು ಬೇರು ಕೊಳೆಯುತ್ತದೆ ಎಂದು ಅರ್ಧ ಗರಸು ಮುರುಮು, ಒಂದು ಬುಟ್ಟಿ ಹಳೆಯ ಸಗಣಿ ಗೊಬ್ಬರ ಬೆರೆಸಿದಳು. ಅಫಜಲಪುರದ ಕಡೆ ಅತನೂರಿನಲ್ಲಿ ಹೊಲದ ಬದುವಿನ ಮೇಲೆಯೇ ಬೆಳೆದವಳು. ಮಣ್ಣಿನ ವಿಷಯದಲ್ಲಿ ಅವಳ ಮಾತಿಗೆ ನಾನು ಎದುರಾಡುತ್ತಿರಲಿಲ್ಲ. ಬೇರೆ ವಿಷಯದಲ್ಲೂ ಎದುರಾಡಿ ಗೆದ್ದ ನೆನಪಿಲ್ಲ. ಮನೆಯಲ್ಲಿ ನಾವು ಮಾತಾಡುತ್ತಿದ್ದದ್ದು ನಮ್ಮ ಕಡೆಯ ಉರ್ದು. ಜಗಳ ಮತ್ತು ತಮಾಷೆ ಮಾತ್ರ ಕನ್ನಡದಲ್ಲಿ, ಯಾಕೆಂದರೆ ಎರಡನ್ನೂ ಅವಳು ಅತನೂರಿನ ಹೊಲದಲ್ಲಿ ಕಲಿತಿದ್ದಳು.

ಗಿಡ ಬಂತು. ಒಂದೇ ಕಾಂಡದ ಗಿಡವಲ್ಲ, ಬುಡದಿಂದ ಕೋಲುಗಳು ಒಂದರ ಪಕ್ಕ ಒಂದು ಏಳುತ್ತವೆ, ಆಳುದ್ದ ಬೆಳೆಯುತ್ತವೆ. ಎಲೆ ಅಂಗೈಯಷ್ಟು ಅಗಲ, ಅಂಚಿಗೆ ಗರಗಸದಂತೆ ಹಲ್ಲು, ಮೇಲೆ ಹಸಿರು, ಅಡಿಯಲ್ಲಿ ಸುಣ್ಣ ಬಳಿದಂತೆ ಬಿಳಿ. ಬಿಸಿಗಾಳಿ ಬೀಸಿದರೆ ಇಡೀ ಗಿಡ ಬಿಳಿಚಿಕೊಳ್ಳುತ್ತದೆ. ಹೂವಿಗೆ ಚೆಲುವಿಲ್ಲ, ಹಣ್ಣು ತಿನ್ನುವಂಥದ್ದಲ್ಲ, ಅದರ ನೆರಳಿಗೆ ಕೂತರೆ ಒಂದು ಕಿವಿ ತಂಪಾದೀತು. ಏಪ್ರಿಲ್, ಮೇ ತಿಂಗಳಲ್ಲಿ ದಿನಕ್ಕೆ ಎರಡು ಸಲ ನೀರು ಬೇಕು, ಮೇಲೆ ಗೋಣಿಯ ನೆರಳು ಬೇಕು. ಕೋಲಿನ ಬುಡ ಕಂದು ಬಣ್ಣಕ್ಕೆ ತಿರುಗಿದಾಗ ನೆಲಮಟ್ಟಕ್ಕೆ ಕೊಯ್ಯಬೇಕು, ಕೊಯ್ದಷ್ಟೂ ಹೊಸ ಕೋಲು ಬರುತ್ತವೆ. ಕೊಯ್ದ ಕೋಲಿನ ತೊಗಟೆ ಸುಲಿದು, ನೆನೆ ಹಾಕಿ, ಮುರಿದ ಚಮಚೆಯಿಂದ ಕೆರೆದು ಅವಳು ಒಂದು ಬೇಸಿಗೆಯೆಲ್ಲ ನೂಲು ತೆಗೆದಳು. ಒಂದು ಮಾರು ಬಂತು. ಅದರಲ್ಲಿ ಸೊಳ್ಳೆ ಪರದೆಯ ಒಂದು ಮೂಲೆ ಕಟ್ಟಿದಳು. ಉಳಿದ ಮೂರು ಮೂಲೆಗೆ ಅಂಗಡಿಯ ದಾರವೇ ಆಯಿತು. ಆದರೆ ಅಂಗಡಿಯ ದಾರ ಎಷ್ಟೋ ಸಲ ಹರಿಯಿತು, ಇದು ಇನ್ನೂ ಇದೆ.

ತೊಗರಿ ನೋಡಲು ಮಿಲ್ಲಿಗೆ ಬಂದಿದ್ದ ಕೃಷಿ ಇಲಾಖೆಯವರೊಬ್ಬರಿಗೆ ಎಲೆ ತೋರಿಸಿದೆ. ಅದರ ಹೆಸರು ರೇಮಿ ಎಂದರು. ಮುಟ್ಟಿದರೆ ಮೈಯೆಲ್ಲ ತುರಿಸುವ ಗಿಡಗಳ ಕುಲದ್ದು, ಆದರೆ ಇದಕ್ಕೆ ಮಾತ್ರ ತುರಿಕೆ ಇಲ್ಲ ಎಂದು ವಿವರಿಸಿದರು. ಮನೆಗೆ ಬಂದು ಹೇಳಿದೆ. ಹೆಂಡತಿ ಮೊದಲರ್ಧ ಇಟ್ಟುಕೊಂಡು ಉಳಿದರ್ಧ ಎಸೆದಳು.

ಅವಳಿಗೆ ಕಾರಣವಿತ್ತು. ನಮ್ಮ ಕಾಂಪೌಂಡ್ ಗೋಡೆ ಸೊಂಟದೆತ್ತರ. ಹಿಂದೆ ಅವಳು ಒಂದು ಮೆಹಂದಿ ಗಿಡ ಬೆಳೆಸಿದ್ದಳು. ಓಣಿಯಲ್ಲಿ ಯಾರ ಮನೆಯ ಮದುವೆ ಇದ್ದರೂ, ಯಾವ ಹಬ್ಬ ಬಂದರೂ ಗೋಡೆಯ ಮೇಲಿಂದ ಕೈ ಬರುತ್ತಿದ್ದವು. ಕೊನೆಗೆ ಆ ಗಿಡ ಎಲ್ಲರ ಅಂಗೈ ಕೆಂಪು ಮಾಡಿ ತಾನು ಒಣಗಿತು. ಈ ಸಲ ಅವಳು ಮೊದಲೇ ಸುದ್ದಿ ಹಬ್ಬಿಸಿದಳು. ಇದು ತುರಿಕೆ ಗಿಡ, ಎಲೆ ತಾಗಿದರೆ ಎಂಟು ದಿನ ಕೆರೆದುಕೊಳ್ಳಬೇಕು, ನನಗೆ ರೂಢಿಯಾಗಿದೆ ಅಂತ ಸುಮ್ಮನಿದ್ದೇನೆ ಎಂದು. ಜೇವರ್ಗಿಗೆ ಕೊಟ್ಟ ನನ್ನ ಅಕ್ಕ, ನಾವು ಆಪಾ ಎನ್ನುತ್ತೇವೆ, ನಮ್ಮ ಮನೆಗೆ ಬಂದಾಗಲೆಲ್ಲ ಮಂಚವನ್ನು ಅಂಗಳದ ಆ ತುದಿಗೆ ಎಳೆಸಿಕೊಂಡು ಮಲಗುತ್ತಿದ್ದಳು. ನಂಬದಿದ್ದದ್ದು ಆಡುಗಳು ಮಾತ್ರ. ಅವುಗಳ ನಾಲಿಗೆ ದಪ್ಪ ಎಂದು ನನ್ನ ಹೆಂಡತಿ ಅದಕ್ಕೂ ಉತ್ತರ ಕೊಟ್ಟಳು.

ಒಂದು ಸಂಜೆ ಪಕ್ಕದ ಮನೆಯ ಕಾಕು ಸಿಕ್ಕಿಬಿದ್ದಳು. ಕಾಕು ಒಂಟಿ ಜೀವ, ವಯಸ್ಸಾದ ವಿಧವೆ, ಎರಡು ಎಮ್ಮೆ ಕಟ್ಟಿ ಹಾಲು ಮಾರುವವಳು. ಗೋಡೆಯ ಮೇಲಿಂದ ಬಗ್ಗಿ ಎಮ್ಮೆಗೆಂದು ಒಂದು ಹಿಡಿ ಎಲೆ ಕಿತ್ತಿದ್ದಳು. ನನ್ನ ಹೆಂಡತಿ ಹೊರಗೆ ಬಂದು ನೋಡಿ ಏನೂ ಬೈಯಲಿಲ್ಲ, "ಅಯ್ಯ ಕಾಕು, ಕೈ ಹೋತಲ್ಲರಿ" ಎಂದಳಷ್ಟೆ. ಅರ್ಧ ನಿಮಿಷದಲ್ಲಿ ಕಾಕು ತುರಿಸಿಕೊಳ್ಳಲು ಶುರು ಮಾಡಿದಳು. ಅಂಗೈ, ಮುಂಗೈ, ಮೊಣಕೈಯ ತನಕ. ಓಣಿಯ ಹೆಂಗಸರು ಸೇರಿದರು. ಹೆಂಡತಿ ಅವಳನ್ನು ಒಳಗೆ ಕರೆದು ಕೂಡಿಸಿ, ಕೊಬ್ಬರಿ ಎಣ್ಣೆ ಬಿಸಿ ಮಾಡಿ, ಎರಡೂ ಕೈಗೆ ಬಹಳ ಹೊತ್ತು ತಿಕ್ಕಿದಳು. ಡಾಕ್ಟರ ಮುಖ ಮಾಡಿಕೊಂಡಿದ್ದಳು. ಕಾಕು ಹೋದ ಮೇಲೆ ದುಪಟ್ಟಾ ಬಾಯಿಗೆ ತುರುಕಿಕೊಂಡು ನಗುತ್ತ ನೆಲಕ್ಕೆ ಕೂತಳು. ಆಮೇಲೆ ಗಿಡಕ್ಕೆ ಯಾರೂ ಕೈ ಹಾಕಲಿಲ್ಲ.

ಒಮ್ಮೆ ಕೋಲು ಕೊಯ್ಯುತ್ತ ಅವಳು ಹೇಳಿದ್ದಳು: "ನನ್ನ ಖಬರಿನ ಮ್ಯಾಲ ಸಬ್ಜಾ ಹಚ್ಚಬ್ಯಾಡ್ರಿ. ಅದರ ವಾಸನಿಗಿ ನನಗ ಸೀನು ಬರ್ತಾವ. ಇದನ್ನ ಹಚ್ಚರಿ." ನಮ್ಮಲ್ಲಿ ಗೋರಿಯ ಮಣ್ಣಿನ ಮೇಲೆ ಸಬ್ಜಾ, ಅಂದರೆ ಕಾಮಕಸ್ತೂರಿ, ಬೀಜ ಹಾಕುವುದು ರೂಢಿ. ಹಸಿರು ಇರುವ ತನಕ ಒಳಗಿದ್ದವರಿಗೆ ಹಗುರ ಎನ್ನುತ್ತಾರೆ. ಸಬ್ಜಾದ ಹತ್ತಿರ ಹೋದರೆ ಅವಳು ನಿಜವಾಗಿಯೂ ಏಳೆಂಟು ಸಲ ಸೀನುತ್ತಿದ್ದಳು. ನಾನು ನಕ್ಕು, ಮೊದಲು ನಾನು ಹೋಗುತ್ತೇನೆ, ನನಗೆ ಏನು ಬೇಕಾದರೂ ಹಚ್ಚು ಎಂದಿದ್ದೆ.

ಮೊದಲ ಮಳೆಯ ವಾರದಲ್ಲಿ ಅವಳಿಗೆ ಜ್ವರ ಬಂತು. ಒಂಬತ್ತನೆಯ ದಿನ ಹೋದಳು. ಸಾವಿಗೆ ಮಾತಾಡಿಸಲು ಬಂದವರೆಲ್ಲ ಅವಳನ್ನು ಹೊಗಳಿದರು. ಎಂದೂ ದನಿ ಎತ್ತಿದವಳಲ್ಲ ಎಂದರು ಒಬ್ಬರು. ನಾನು ತಪ್ಪಿ ಬೇರೆ ಯಾರದೋ ಮನೆಯಲ್ಲಿ ಕೂತಿದ್ದೇನೆಯೇ ಎಂದು ಒಂದು ಸಲ ಗೋಡೆ ನೋಡಿದೆ. ಸುಳ್ಳು ಹೇಳಿದವಳಲ್ಲ ಎಂದರು ಇನ್ನೊಬ್ಬರು. ಅವರ ಹಿಂದೆಯೇ ಆ ಗಿಡ ಗಾಳಿಗೆ ಬಿಳಿಚಿಕೊಂಡು ನಿಂತಿತ್ತು.

ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆಗೆ ಆಪಾ ಜೇವರ್ಗಿಯಿಂದ ಒಂದು ಪೊಟ್ಟಣ ಸಬ್ಜಾ ಬೀಜ ತಂದಳು. ಊಟ ಮುಗಿದು ಹತ್ತಿಪ್ಪತ್ತು ಜನ ಅಂಗಳದಲ್ಲಿ ಕೂತಿದ್ದಾಗ ನಾನು ಹೇಳಿದೆ, ಸಬ್ಜಾ ಬೇಡ, ಈ ಗಿಡದ ಬೇರು ಹಚ್ಚುತ್ತೇನೆ, ಅವಳೇ ಕೇಳಿದ್ದಳು ಎಂದು. ಕಾಕುವೂ ಇದ್ದಳು, ಅವಳಿಗೆ ಉರ್ದು ಬಾರದು, ಹಾಗಾಗಿ ಆಪಾ ಕನ್ನಡದಲ್ಲಿಯೇ ಬೈದಳು.

"ತುರಿಕಿ ಗಿಡ ಹಚ್ತೀಯೇನಲೇ ಆಕಿ ಮ್ಯಾಲ? ಕಫನದಾಗ ಸುತ್ತಿ ಮಲಗಿಸೀರಿ, ಹ್ಯಾಂಗ ಕೆರಕೋಬೇಕು ಆಕಿ?"

ಯಾರೂ ನಗಲಿಲ್ಲ. ಅದು ಎಲ್ಲರಿಗೂ ಸರಿಯಾದ ಪ್ರಶ್ನೆಯಾಗಿಯೇ ಕಂಡಿತು. ಇದು ತುರಿಸುವುದಿಲ್ಲ ಆಪಾ, ಎಂದೂ ತುರಿಸಿಲ್ಲ ಎಂದೆ. ಎಲೆ ಕಿತ್ತು ಕುತ್ತಿಗೆಗೆ ತಿಕ್ಕಿಕೊಂಡೆ.

ಆಪಾ ಎಲೆ ನೋಡಲಿಲ್ಲ, ನನ್ನ ಮುಖ ನೋಡಿದಳು. "ಅಂದ್ರ ಆಕಿ ಸುಳ್ಳು ಹೇಳ್ಕೋತ ಇದ್ದಳೇನು?"

ಹೌದು ಎಂದರೆ ಬೇರು ಅವಳ ಹತ್ತಿರ ಹೋಗುತ್ತದೆ, ಆದರೆ ಅವಳು ಇನ್ನು ಈ ಓಣಿಯಲ್ಲಿ ಸುಳ್ಳುಗಾತಿ ಎಂದು ಉಳಿಯುತ್ತಾಳೆ. ಸತ್ತವಳು ಎದ್ದು ಬಂದು ಜಗಳವಾಡಿ ಗೆಲ್ಲಲಾರಳು. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವಳನ್ನು ಸೋಲಿಸಲು ನನಗೆ ಸಿಕ್ಕ ಒಂದೇ ಅವಕಾಶ ಅದು. ನಾನು ಕೈ ಎತ್ತಿ ಕುತ್ತಿಗೆ ತುರಿಸಿಕೊಂಡೆ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ.

"ನೋಡು, ನಾ ಹೇಳಲಿಲ್ಲೇನು" ಎಂದು ಆಪಾ ಬೀಜದ ಪೊಟ್ಟಣ ನನ್ನ ಕೈಗಿಟ್ಟಳು. ಯಾರೋ ಎಣ್ಣೆ ತರಲು ಓಡಿದರು. ಅಷ್ಟರಲ್ಲಿ ನನ್ನ ಕುತ್ತಿಗೆ ನಿಜವಾಗಿಯೂ ಕೆಂಪಾಗಿತ್ತು.

ಮರುದಿನ ಬೆಳಿಗ್ಗೆ ಆಪಾ ಬಸ್ಸಿಗೆ ಹೊರಡುವ ಮೊದಲು ಒಳಗೆ ಸ್ನಾನ ಮಾಡುತ್ತಿದ್ದಳು. ಕಾಕು ಹಾಲು ಕೊಡಲು ಬಂದು ಡ್ರಮ್ಮಿನ ಪಕ್ಕ ಕೂತಳು. ಒಂದು ಎಲೆ ಕಿತ್ತು ಅಂಗೈಯಲ್ಲಿ ಹೊಸೆಯುತ್ತ ಕೇಳಿದಳು:

"ನಿನ್ನೆ ಯಾಕ ಕೆರಕೊಂಡಿ, ತಮ್ಮಾ?"

ನಾನು ಅವಳ ಕೈ ನೋಡುತ್ತಿದ್ದೆ. ಅವಳು ತುರಿಸಿಕೊಳ್ಳುತ್ತಿರಲಿಲ್ಲ.

"ನನಗ ಅವತ್ತೇ ಗೊತ್ತಿತ್ತು" ಎಂದಳು ಕಾಕು. "ಕಳ್ಳಿ ಅನಿಸಿಕೊಳ್ಳೂದಕ್ಕಿಂತ ಕೆರಕೊಳ್ಳೂದು ಛಲೋ ಅಂತ ಶುರು ಮಾಡಿದೆ. ಆಮ್ಯಾಲ ಆಕಿ ನನ್ನ ಕೈ ಹಿಡಕೊಂಡು ಎಣ್ಣಿ ತಿಕ್ಕಾಕತ್ತಳು. ನನ್ನ ಕೈ ಯಾರು ಹಿಡಿದು ಎಷ್ಟ ವರ್ಷಾಗಿತ್ತು ಗೊತ್ತದ ಏನು? ಇನ್ನೊಂದಿಷ್ಟು ತುರಸ್ತಾವ ಅಂದೆ. ತಿಕ್ಕಿದಳು ಪಾಪ."

ಆಪಾ ಹೊರಗೆ ಬಂದಾಗ ಕಾಕು ಎದ್ದು ನಿಂತು ಬಹಳ ಗಂಭೀರವಾಗಿ ಒಂದು ವಿಷಯ ಹೇಳಿದಳು. ಈ ಗಿಡದ ತುರಿಕೆ ಎಲೆಯಲ್ಲಿ ಇರುವುದು, ಬೇರನ್ನು ಅಕ್ಕಿ ತೊಳೆದ ನೀರಿನಲ್ಲಿ ಮೂರು ಸಲ ತೊಳೆದು ಹಚ್ಚಿದರೆ ಹೊಸ ಎಲೆಯಲ್ಲಿ ತುರಿಕೆ ಬರುವುದಿಲ್ಲ, ತನಗೆ ಅನುಭವವಿದೆ ಎಂದು. ಇಡೀ ಓಣಿಯಲ್ಲಿ ಆ ಗಿಡದಿಂದ ತುರಿಸಿಕೊಂಡು ಹೆಸರಾದವಳು ಅವಳೊಬ್ಬಳೇ. ಆಪಾ ಏನು ಮಾತಾಡಿಯಾಳು? ತಾನೇ ಒಳಗೆ ಹೋಗಿ ಅಕ್ಕಿ ತೊಳೆದು ನೀರು ತಂದಳು. ಮೂರು ಸಲ ತೊಳೆಸಿದಳು. ನಾಲ್ಕನೆಯದು ಮನಸ್ಸಿನ ಸಮಾಧಾನಕ್ಕೆ ಎಂದಳು. ಹೋಗುವಾಗ, ಸಬ್ಜಾವನ್ನೂ ಒಂದು ಮೂಲೆಗೆ ಹಾಕು, ತಂದದ್ದು ವ್ಯರ್ಥವಾಗಬಾರದು ಎಂದು ಹೇಳಿಯೇ ಹತ್ತಿದಳು ಬಸ್ಸು.

ಅಂದೇ ಖಬರಸ್ತಾನಕ್ಕೆ ಹೋದೆ. ಬೇರನ್ನು ಕಾಲ ಕಡೆ ಹಚ್ಚಿದೆ. ಸಬ್ಜಾ ಬೀಜವನ್ನು ಅವಳ ಮೂಗಿನಿಂದ ಎಷ್ಟು ದೂರ ಹಾಕಬಹುದೋ ಅಷ್ಟು ದೂರ ಹಾಕಿದೆ. ಆದರೂ ಸಬ್ಜಾ ಮೊಳೆತ ವಾರ ಅಲ್ಲಿ ನಿಂತು ಒಂದಿಷ್ಟು ಹೊತ್ತು ಕಿವಿಗೊಟ್ಟು ಕೇಳಿದ್ದು ನಿಜ.

ಸಬ್ಜಾ ಚಳಿಗಾಲದಲ್ಲಿ ಒಣಗಿತು. ಅವಳ ಗಿಡ ನಾಲ್ಕು ಕೋಲು ಬಿಟ್ಟಿದೆ. ಶುಕ್ರವಾರ ಮತ್ತು ಮಂಗಳವಾರ ಮಿಲ್ಲಿಗೆ ಹೋಗುವ ಮೊದಲು ಒಂದು ಕೊಡ ನೀರು ಒಯ್ಯುತ್ತೇನೆ. ಅಲ್ಲಿ ಮೇವು ಕೊಯ್ಯುವವರು ಅದನ್ನು ಸುತ್ತಿ ಬಳಸಿ ಕೊಯ್ಯುತ್ತಾರೆ. ಅಕ್ಕಿ ನೀರಿನ ಸುದ್ದಿ ಅವರನ್ನು ಮುಟ್ಟಿಲ್ಲ, ನಾನು ಮುಟ್ಟಿಸುವುದೂ ಇಲ್ಲ. ಒಂದು ಆಡು ಒಮ್ಮೆ ನುಗ್ಗಿ ಎರಡು ಕೋಲು ಬೋಳಿಸಿತು. ಅದರ ನಾಲಿಗೆ ದಪ್ಪ ಎಂದು ನಾನೇ ವಿವರಿಸಿದೆ.

ಕಾಕು ಹಾಲು ಕೊಡಲು ಬಂದಾಗ ಕೆಲವು ದಿನ ಸುಮ್ಮನೆ ಹೋಗುತ್ತಾಳೆ. ಕೆಲವು ದಿನ ಡ್ರಮ್ಮಿನ ಪಕ್ಕ ಕೂತು, "ಇವತ್ತು ಕೈ ತುರಸಾಕತ್ತಾವ ನೋಡು, ತಮ್ಮಾ" ಎನ್ನುತ್ತಾಳೆ. ನಾನು ಎಣ್ಣೆಯ ಬಟ್ಟಲು ಬಿಸಿ ಮಾಡಿ ತಂದು ಅವಳ ಮುಂದೆ ಇಡುತ್ತೇನೆ. ಅವಳು ತನ್ನ ಕೈಗೆ ತಾನೇ ತಿಕ್ಕಿಕೊಳ್ಳುತ್ತಾಳೆ. ನಾನು ಎದುರಿಗೆ ಕೂತು ಕುತ್ತಿಗೆಗೆ ಒಂದು ಚೂರು ಹಚ್ಚಿಕೊಳ್ಳುತ್ತೇನೆ.