ಬ್ಯಾಟ್ರಿ ಇಲ್ರಿ

ಇವತ್ತು ಮಧ್ಯಾಹ್ನ ಬೈಲಹೊಂಗಲದ ಬಜಾರದಲ್ಲಿ ಮೊಬೈಲ್ ರಿಪೇರಿಯವನು ನನ್ನ ಫೋನನ್ನು ಅಂಗೈ ಮೇಲೆ ಇಟ್ಟುಕೊಂಡು, ನಾಡಿ ನೋಡುವ ವೈದ್ಯರ ಗಾಂಭೀರ್ಯದಲ್ಲಿ, "ಟೀಚರ್, ಇದರ ಬ್ಯಾಟರಿ ಬಸರಾಗೈತ್ರಿ" ಎಂದ. ನೋಡಿದರೆ ನಿಜವೇ. ಹಂಚಿನ ಮೇಲಿನ ಜೋಳದ ರೊಟ್ಟಿಯ ಹಾಗೆ ಉಬ್ಬಿಕೊಂಡು ಬೆನ್ನಿನ ಮುಚ್ಚಳವನ್ನೇ ಎತ್ತಿಬಿಟ್ಟಿತ್ತು. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ನಕ್ಕೆ. "ಬಿಟ್ಟ ಹೋಗ್ರಿ, ನಾಳಿ ಹೊಸಾದು ಹಾಕಿ ಕೊಡತೇನಿ" ಎಂದು ಅವನು ಫೋನನ್ನು ಒಳಗಿಟ್ಟ. ಬರಿಗೈಯಲ್ಲಿ ಶಾಲೆಗೆ ವಾಪಸು ನಡೆದೆ. ದಾರಿಯುದ್ದಕ್ಕೂ ನಗುತ್ತಲೇ ಇದ್ದೆನಾದ್ದರಿಂದ ಪರಿಚಯದವರು ಇಬ್ಬರು "ಏನ್ರಿ ಟೀಚರ್, ಪಗಾರ ಹೆಚ್ಚಾತೇನ್ರಿ?" ಎಂದು ಕೇಳಿದರು.

ಬ್ಯಾಟರಿಯ ಬಾಣಂತನ ನನಗೇನೂ ಹೊಸದಲ್ಲ ನೋಡಿ. ಈ ಶತಮಾನದ ಮೊದಲ ದಶಕ ಮುಗಿಯಲು ಬಂದಾಗ, ಇದೇ ಊರಿನ ಶಾಲೆಯಲ್ಲಿ ನೌಕರಿ ಸಿಕ್ಕ ಹುರುಪಿನಲ್ಲಿ, ಬೆಳಗಾವಿಗೆ ಹೋಗಿ ಕಡ್ಡಿಯಿಂದ ಚುಚ್ಚಿದರೆ ಕೆಲಸ ಮಾಡುವ ಸ್ಮಾರ್ಟ್ ಫೋನು ತಂದೆ. ನಮ್ಮ ಓಣಿಗೇ ಅದು ಮೊದಲನೆಯದು. ಅಪ್ಪನ ತಾಯಿ, ಅಂದರೆ ನಮ್ಮ ಆಯಿ, ಸ್ಮಾರ್ಟ್ ಅಂದರೇನು ಎಂದು ಕೇಳಿದಳು.

"ಶಾಣ್ಯಾ ಅಂತ, ಆಯಿ."

"ಶಾಣ್ಯಾ ಇದ್ರ ಒಪ್ಪತ್ತಿಗೇ ಯಾಕ ಕಣ್ಣ ಮುಚ್ಚತೈತಿ?"

ಪ್ರಶ್ನೆ ಸರಿಯಾಗಿಯೇ ಇತ್ತು. ಬೆಳಿಗ್ಗೆ ತುಂಬಿ ಕಳಿಸಿದ ಚಾರ್ಜು ಮಧ್ಯಾಹ್ನದ ಗಂಟೆ ಹೊಡೆಯುವಷ್ಟರಲ್ಲಿ ನೀಗಿರುತ್ತಿತ್ತು. ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದು ಕರೆಂಟಿಗೂ ಗೊತ್ತಿರಲಿಲ್ಲ. ಪೂರ್ತಿ ಸತ್ತ ಮೇಲೆಯೇ ಚಾರ್ಜಿಗೆ ಹಾಕಬೇಕು ಎಂದರು ವಿಜ್ಞಾನದ ಮಾಸ್ತರರು. ಸಾಯಲು ಬಿಟ್ಟಿರೋ ಕೆಟ್ಟಿರಿ ಎಂದರು ಆಟದ ಮಾಸ್ತರರು. ಇಬ್ಬರ ಮನಸ್ಸನ್ನೂ ನೋಯಿಸಲಾರದೆ ನಾನು ಒಂದು ದಿನ ಇವರ ಮಾತು, ಒಂದು ದಿನ ಅವರ ಮಾತು ಪಾಲಿಸಿದೆ. ಅಪ್ಪನದು ಮೂರನೆಯ ಮತ. ತೊಂಬತ್ತರ ದಶಕದುದ್ದಕ್ಕೂ ರೇಡಿಯೋದ ಶೆಲ್ಲುಗಳನ್ನು ಮಾಳಿಗೆಯ ಬಿಸಿಲಿನಲ್ಲಿ ಒಣಗಿಸಿ ಮತ್ತೆ ವಾರ್ತೆ ಕೇಳಿದ ಮನುಷ್ಯ ಅವನು. "ಶೆಲ್ಲಿಗೆ ನಡದದ್ದು ಇದಕ್ಕ್ಯಾಕ ನಡ್ಯಾಂಗಿಲ್ಲ?" ಎಂದು ನನ್ನ ಬ್ಯಾಟರಿ ಬಿಚ್ಚಿ ಶ್ಯಾಂಡಿಗೆಯ ಜೊತೆ ಒಣಹಾಕಿದ. ಅವ್ವ ಶ್ಯಾಂಡಿಗೆ ಮಗುಚುವಾಗ ಮರೆಯದೆ ಅದನ್ನೂ ಮಗುಚಿ ಹಾಕಿದಳು. ಇಷ್ಟೆಲ್ಲ ಆರೈಕೆಯ ನಂತರವೂ ಅದು ಬದುಕಿತ್ತೆಂದರೆ ಗಟ್ಟಿ ಜೀವವೇ ಇರಬೇಕು.

ಅದೇ ದಿನಗಳಲ್ಲಿ ಸವದತ್ತಿಯಿಂದ ನನ್ನನ್ನು ನೋಡಲು ಬಂದರು. ಹುಡುಗನದು ಬೀಜ-ಗೊಬ್ಬರದ ಅಂಗಡಿ. ಮಾತು ಕಡಿಮೆ, ಮರ್ಯಾದೆ ಜಾಸ್ತಿ. ಎಲ್ಲರೂ ಚುರುಮುರಿಯ ಸುಸಲಾ ತಿನ್ನುತ್ತಿದ್ದಾಗ ನಾನೇ ಬಾಯಿ ತೆಗೆದೆ. "ಲಗ್ನ ಆದ ಮ್ಯಾಲೂ ನಾ ಸಾಲಿ ಬಿಡೂದಿಲ್ರಿ. ದಿನಾ ಇಲ್ಲಿಗೆ ಬಂದು ಹೋಗತೇನಿ. ಅದಕ್ಕ ಒಪ್ಪಿದ್ರ ಮಾತ್ರ." ಅವ್ವ ಕಣ್ಣು ಕೆಕ್ಕರಿಸಿದಳು. ಇದೇ ಮಾತಿಗೆ ಅದಕ್ಕೂ ಮೊದಲು ಎರಡು ಸಂಬಂಧ ಮುರಿದಿದ್ದವು. ಹುಡುಗ ತಾಟು ನೋಡುತ್ತ, "ಮನ್ಯಾಗ ಕೇಳಿ ಫೋನ್ ಮಾಡತೇನ್ರಿ" ಎಂದರು. ನಂಬರು ಕೇಳಿದ್ದು ಅಪ್ಪನದಲ್ಲ, ನನ್ನದು. ಸುಳ್ಳೇಕೆ ಹೇಳಲಿ, ಅವರು ನನ್ನ ಮನಸ್ಸಿಗೆ ಬಂದುಬಿಟ್ಟಿದ್ದರು. ಶಾಲೆಯೂ ಬೇಕು, ಇವರೂ ಬೇಕು. ಅವರು ಒಲ್ಲೆ ಎಂದರೆ ಶಾಲೆ ಉಳಿಯುತ್ತಿತ್ತು, ನಾನು ಮಾತ್ರ ಬಹಳ ದಿನ ಅಳುತ್ತಿದ್ದೆ. ಅಂದಿನಿಂದ ಫೋನನ್ನು ಸ್ನಾನಕ್ಕೆ ಹೋಗುವಾಗಲೂ ಬಾಗಿಲ ಹೊರಗೆ ಇಟ್ಟುಕೊಳ್ಳತೊಡಗಿದೆ.

ಅಷ್ಟರಲ್ಲಿ ಖಂಡೆ ಪೂಜೆ ಬಂತು. ಮಹಾನವಮಿಯ ಆ ದಿನ ದುಡಿಯುವ ವಸ್ತುಗಳನ್ನೆಲ್ಲ ಮಣೆಯ ಮೇಲೆ ಕೂಡಿಸಿ ಪೂಜೆ ಮಾಡುತ್ತಾರಲ್ಲ, ಒಮ್ಮೆ ಕೂಡಿಸಿದರೆ ಮರುದಿನ ಇಳಿಸುವ ತನಕ ಕೈ ಹಚ್ಚುವಂತಿಲ್ಲ ಎಂಬುದು ನಮ್ಮ ಮನೆಯ ನೇಮ. ಕುಡಗೋಲು, ಸೈಕಲ್ ಪಂಪು, ಸೀಮೆಸುಣ್ಣದ ಡಬ್ಬಿ ಕೂತವು. ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದೆ. ಆಯಿಯ ಕಣ್ಣು ತಪ್ಪಿಸಿದವರುಂಟೇ?

"ಹಗಲ್ರಾತ್ರಿ ನಿನ್ನ ದುಡಸಾಕತ್ತಿದ್ದು ಅದ. ಮೊದಲ ಅದನ್ನ ಕೂಡಸು. ಅದರ ಬಾಲಾನೂ ಇಡು."

ಬಾಲವೆಂದರೆ ಚಾರ್ಜರು. ಎರಡೂ ಕುಂಕುಮ ಹಚ್ಚಿಸಿಕೊಂಡು, ತಲೆಯ ಮೇಲೆ ಚೆಂಡುಹೂವು ಹೊತ್ತು ಕುಳಿತವು. ಬೆಳಗಿನಿಂದ ಕರೆಂಟು ಇರಲಿಲ್ಲವಾಗಿ ಚಾರ್ಜು ಒಂದೇ ಗೆರೆ ಉಳಿದಿತ್ತು.

ಕರೆಂಟು ಬಂದದ್ದು ಸಂಜೆಗೆ. ಅದರ ಹಿಂದೆಯೇ ಫೋನು ಗುರ್ರೆಂದಿತು. ಶಾಲೆಯಲ್ಲಿ ಸದ್ದಾಗಬಾರದೆಂದು ಅದನ್ನು ನಡುಗುವ ಹಾಗೆ ಇಟ್ಟಿದ್ದೆ. ಪರದೆಯ ಮೇಲೆ, 'ಸವದತ್ತಿ' ಎಂದು ನಾನು ಬರೆದಿಟ್ಟುಕೊಂಡಿದ್ದ ಅವರ ನಂಬರು. ಕೈ ಚಾಚಿದೆ, "ಮುಟ್ಟಬ್ಯಾಡ" ಎಂದಳು ಅವ್ವ. ಫೋನು ಮಾತ್ರ ಸುಮ್ಮನಿರಲಿಲ್ಲ. ಗುರ್ ಎಂದಿತು, ಸರಿಯಿತು. ಮತ್ತೆ ಗುರ್ ಎಂದಿತು, ಕುಡಗೋಲನ್ನು ಸುತ್ತುಹಾಕಿಕೊಂಡು, ಹೂವನ್ನು ಕೆಳಗಿಳಿಸದೆ ಮಣೆಯ ಅಂಚಿಗೆ ಬಂತು. ಮನೆಮಂದಿಯೆಲ್ಲ ನೋಡುತ್ತಿದ್ದಂತೆಯೇ ಚಾಪೆಯ ಮೇಲೆ ಬಿತ್ತು.

ಆಯಿ ತೀರ್ಪು ಕೊಟ್ಟಳು: "ನಾವ್ಯಾರೂ ಎತ್ತಿಲ್ಲ. ತಾನ ಎದ್ದ ಬಂದೈತಿ. ಮಾತಾಡು."

"ಚಾರ್ಜರ್, ಆಯಿ?"

"ಅದೇನ ಎದ್ದ ಬಂದೈತೇನ?"

ಫೋನು ಕಿವಿಗಿಟ್ಟೆ. ಆ ಕಡೆಯಿಂದ ಸಮಾಧಾನದ ದನಿ. "ನಮಸ್ಕಾರ್ರಿ. ಹಬ್ಬ ಜೋರಾತ್ರಿ? ಅಪ್ಪಾರು ಆರಾಮ ಅದಾರ್ರಿ? ಅವ್ವಾರು?" ಆರಾಮ್ರಿ, ಆರಾಮ್ರಿ ಎಂದೆ. "ಆಯಿ ಮಳಕಾಲ ನೋವು ಹೆಂಗೈತ್ರಿ?" ಕಡಿಮೆ ಆಗಿದೆಯೆಂದೆ. "ಎಮ್ಮಿ ಈಯೂದಿತ್ತಲ್ರಿ?" ಫೋನು ಟುಂಯ್ ಎಂದು ನರಳಿತು. ಇನ್ನು ತಡೆಯಲಾಗಲಿಲ್ಲ.

"ಬ್ಯಾಟ್ರಿ ಇಲ್ರಿ," ಎಂದೆ.

ನಮ್ಮ ಕಡೆ ಬ್ಯಾಟ್ರಿ ಎಂದರೆ ಕತ್ತಲಲ್ಲಿ ಹಿಡಿದುಕೊಂಡು ಹೋಗುವ ಟಾರ್ಚು ಎಂಬುದು ಆ ಗಡಿಬಿಡಿಯಲ್ಲಿ ನನಗೆ ಮರೆತೇಹೋಗಿತ್ತು.

"ಹೌದೇನ್ರಿ? ಕರೆಂಟ್ ಹೋಗೈತೇನ್ರಿ?"

"ಕರೆಂಟ್ ಐತ್ರಿ. ಬ್ಯಾಟ್ರಿ ಇಲ್ಲ."

"ಕರೆಂಟ್ ಇದ್ದ ಮ್ಯಾಲ ಬ್ಯಾಟ್ರಿ ಯಾಕ ಬೇಕ್ರಿ?"

"ಮೊದಲ ಸಾಲಿ ವಿಷಯ ಹೇಳ್ರಿ."

"ಹಾಂ, ಸಾಲಿ ವಿಷಯ. ನಮ್ಮ ಅವ್ವನ್ನ ಕೇಳಿದ್ನಿರಿ. ಅಕಿ ಏನಂದ್ಲಂದ್ರ..."

ಅಷ್ಟಕ್ಕೇ ಫೋನು ಕಣ್ಣು ಮುಚ್ಚಿತು. ಅವರ ನಂಬರು ಅದರ ಹೊಟ್ಟೆಯೊಳಗೇ ಇತ್ತು. ಎಸ್‌ಟಿಡಿ ಬೂತಿನವರೂ ತಮ್ಮ ಫೋನನ್ನು ಪೂಜೆಗೆ ಕೂಡಿಸಿ ಬಾಗಿಲು ಹಾಕಿದ್ದರು. ಆ ರಾತ್ರಿ ನನ್ನ ತಾಟಿನ ಹೋಳಿಗೆ ಹಾಗೇ ಉಳಿಯಿತು. ಅವರ ಅವ್ವ ಏನಂದರು? ಅದೊಂದೇ ಚಿಂತೆ.

ಮರುದಿನ ಆಯಿ ಇನ್ನೂ ಮಣೆ ಇಳಿಸಿರಲಿಲ್ಲ, ಬಾಗಿಲಲ್ಲಿ ಸವದತ್ತಿಯವರೇ ನಿಂತಿದ್ದರು. ಮೊದಲ ಬಸ್ಸಿಗೇ ಹೊರಟಿದ್ದರಂತೆ. ಹಿರಿಯರಿಗೆಲ್ಲ ಬನ್ನಿ ಕೊಟ್ಟು ಕಾಲು ಮುಟ್ಟಿದರು. ಆಮೇಲೆ ಚೀಲದಿಂದ ಉದ್ದನೆಯದೊಂದು ಸ್ಟೀಲಿನ ಬ್ಯಾಟ್ರಿ ತೆಗೆದು ನನ್ನ ಮುಂದೆ ಹಿಡಿದರು.

"ಕರೆಂಟ್ ಇದ್ದ ಮ್ಯಾಲ ಬ್ಯಾಟ್ರಿ ಯಾಕ ಅಂತ ರಾತ್ರೆಲ್ಲ ವಿಚಾರ ಮಾಡಿದ್ನಿರಿ. ನಸಿಕಿನ್ಯಾಗ ಹೊಳೀತು. ಸಾಲಿ ಬಿಟ್ಟ ಮ್ಯಾಲ..."

ಸಾಲಿ ಬಿಟ್ಟ ಮೇಲೆ ಎಂದದ್ದೇ, ನೌಕರಿ ಬಿಡಬೇಕೆಂದೇ ಇವರ ಅವ್ವ ಹೇಳಿರಬೇಕು ಎಂದುಕೊಂಡೆ.

"...ಸಾಲಿ ಬಿಟ್ಟ ಮ್ಯಾಲ ನೀವು ಬಸ್ ಹಿಡದು ಸವದತ್ತಿಗೆ ಬರೂದ್ರಾಗ ಕತ್ತಲಾಗತೈತಿ. ಬಸ್ ಸ್ಟ್ಯಾಂಡಿಂದ ನಮ್ಮ ಮನಿ ತನಾ ಲೈಟಿನ ಕಂಬ ಇಲ್ರಿ. ನಿಮಗ ಬ್ಯಾಟ್ರಿ ಬೇಕ ಬೇಕು."

ಆಯಿಯೇ ಮುಂದೆ ಬಂದು, "ಹಂಗಾರ ಒಪ್ಪಿದಂಗ ಆತೇನೋ ತಮ್ಮಾ?" ಎಂದಳು.

"ಶೆಲ್ ಹಾಕಿಸೇ ತಂದೇನ್ರಿ, ಆಯಿ."

ನಾನು ಅಡಿಗೆಮನೆಗೆ ಓಡಿ, ಹಿಟ್ಟಿನ ಡಬ್ಬಿಗಳಿಗೆ ಮುಖ ಮಾಡಿ ನಿಂತು, ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ. ಅಷ್ಟು ಸಂತೋಷ ಒಬ್ಬರಿಗೆ ಒಮ್ಮೆಲೇ ಆಗಬಾರದು.

ಆಮೇಲೆ ಎಷ್ಟು ಫೋನುಗಳು ಬಂದವು, ಎಷ್ಟು ಬ್ಯಾಟರಿಗಳು ಉಬ್ಬಿ ಹೋದವು. ಈಗ ಸವದತ್ತಿಯ ನಮ್ಮ ಓಣಿಯಲ್ಲಿ ಮನೆಗೊಂದು ಲೈಟಿನ ಕಂಬವಿದೆ. ಫೋನಿನಲ್ಲಿಯೇ ಟಾರ್ಚು ಇದೆ. ಇವತ್ತು ನೆನಪುಗಳ ಗುಂಗಿನಲ್ಲಿ ದಿನದ ಬಸ್ಸು ತಪ್ಪಿತು. ತಿಳಿಸಲು ಕೈಯಲ್ಲಿ ಫೋನಿಲ್ಲ. ಹೊಸ ಬ್ಯಾಟರಿ ಬೇಡ, ಹೊಸ ಫೋನನ್ನೇ ಕೊಳ್ಳುವುದು ಎಂದು ಮುಂದಿನ ಬಸ್ಸಿನಲ್ಲಿ ಸಿಟ್ಟಿನಿಂದ ನಿಶ್ಚಯಿಸಿದೆ. ಸವದತ್ತಿಯಲ್ಲಿ ಇಳಿದು ನೋಡಿದರೆ, ಝಗಝಗ ಉರಿಯುವ ದೀಪದ ಕಂಬದ ಕೆಳಗೆ, ಬ್ಯಾಟ್ರಿ ಹೊತ್ತಿಸಿ ಹಿಡಿದುಕೊಂಡು ನಮ್ಮ ಮನೆಯವರು ನಿಂತಿದ್ದರು. ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

"ಇಷ್ಟ ಬೆಳಕಿನ್ಯಾಗ ಇದ್ಯಾಕ್ರಿ?" ಎಂದೆ.

"ನಿನ್ನ ಫೋನ್ ಹತ್ತಲಿಲ್ಲ," ಎಂದರು. "ಬ್ಯಾಟ್ರಿ ಇಲ್ಲ ಅನ್ಕೊಂಡ್ನಿ."