ಬೀಗ ಹಾಕಿದ ಮನೆಯ ಮರಿ

ನಾನು ನಿಂತಿದ್ದದ್ದು ಶಿವಮೊಗ್ಗದಲ್ಲಿ, ನಮ್ಮ ಎದುರುಮನೆಯ ಜಗುಲಿಯ ಮೇಲೆ, ಮುಂಬಾಗಿಲಿನ ಎಡಕ್ಕಿದ್ದ ಕಿಟಕಿಯ ಮುಂದೆ. ಕೈ ಚಾಚಿದರೆ ಕಿಟಕಿಯ ಸರಳು ಸಿಗುವಷ್ಟು ಹತ್ತಿರ. ಬುಧವಾರ. ಸಂಕ್ರಾಂತಿ ಕಳೆದು ಸರಿಯಾಗಿ ಒಂದು ವಾರವಾಗಿತ್ತು. ಇಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ವರ್ಷ, ನನಗೆ ಹತ್ತೊಂಬತ್ತು. ಹೊತ್ತು ಮಧ್ಯಾಹ್ನ ಹನ್ನೆರಡೂವರೆಯ ಆಸುಪಾಸು. ನನ್ನ ಎಡಗೈಯಲ್ಲಿ ಮುಚ್ಚಳದ ಬುಟ್ಟಿಯಿತ್ತು, ಅದರೊಳಗೆ ನಮ್ಮ ಬೆಕ್ಕಿನ ಮರಿ. ಅಕ್ಕ ನನ್ನಿಂದ ಹತ್ತು ಹೆಜ್ಜೆ ಹಿಂದೆ, ಬೀದಿಯ ನಡುವೆ ಬಿಸಿಲಿನಲ್ಲಿ ನಿಂತಿದ್ದಳು. ಜಗುಲಿ ಹತ್ತಲು ಅವಳು ಒಪ್ಪಲಿಲ್ಲ.

ಇಷ್ಟನ್ನು ಮೊದಲೇ ಬರೆದಿಡುವುದಕ್ಕೆ ಕಾರಣವಿದೆ. ಮುಂದೆ ಈ ಸಂಗತಿಯನ್ನು ಬೇರೆಯವರು ಹೇಳುವಾಗ ಕತ್ತಲಾಗಿತ್ತು ಎಂದರು, ಮೋಡ ಕವಿದಿತ್ತು ಎಂದರು. ಹಾಗೇನೂ ಇರಲಿಲ್ಲ. ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು.

ಆ ಚಳಿಗಾಲ ಊರಿನಲ್ಲಿ ಇಲಿ ಬಿದ್ದಿತ್ತು. ಈಗಿನವರಿಗೆ ಈ ಮಾತು ಅರ್ಥವಾಗಲಿಕ್ಕಿಲ್ಲ. ಮನೆಯೊಳಗೆ ಇಲಿ ತಾನಾಗಿ ಸತ್ತು ಬಿದ್ದಿತೆಂದರೆ ಪ್ಲೇಗು ಬಂತೆಂದೇ ಲೆಕ್ಕ. ಪಾತ್ರೆ ಹಾಸಿಗೆ ಕಟ್ಟಿಕೊಂಡು, ಬಾಗಿಲಿಗೆ ಬೀಗ ಹಾಕಿ, ಊರು ಬಿಡಬೇಕು. ದಿಕ್ಕಿದ್ದವರು ನೆಂಟರ ಊರಿಗೆ ಹೋಗುತ್ತಿದ್ದರು. ಉಳಿದವರು ಊರಾಚೆಯ ಬಯಲಿನಲ್ಲಿ ಬಿದಿರಿನ ತಟ್ಟಿ ಕಟ್ಟಿ, ಹುಲ್ಲು ಹೊದಿಸಿ, ಎರಡು ಮೂರು ತಿಂಗಳು ಶೆಡ್ಡಿನಲ್ಲಿ ಇರುತ್ತಿದ್ದರು. ನಾವು ಶೆಡ್ಡಿಗೆ ಹೋದವರು. ಹಗಲು ಹೊತ್ತು ಯಾರಾದರೊಬ್ಬರು ಊರೊಳಗೆ ಬಂದು, ಬೇಕಾದ ಸಾಮಾನು ತೆಗೆದುಕೊಂಡು, ಬಿಸಿಲಿರುವಾಗಲೇ ಹಿಂತಿರುಗುವುದು ರೂಢಿಯಾಗಿತ್ತು.

ನಮ್ಮ ಮರಿಯನ್ನೂ ಬುಟ್ಟಿಯಲ್ಲಿ ಒಯ್ದಿದ್ದೆವು. ತಾಯಿಬೆಕ್ಕು ಅದಕ್ಕೂ ಮುಂಚೆಯೇ ಎಲ್ಲಿಯೋ ಕಳೆದುಹೋಗಿತ್ತು. ಶೆಡ್ಡಿಗೆ ಹೋದ ಮೇಲೆ ಮರಿ ಹಾಲು ಮುಟ್ಟಲಿಲ್ಲ. ಅಕ್ಕಿಮೂಟೆಯ ಸಂದಿಯಲ್ಲಿ ಕೂತು ಅದು ಅರಚುತ್ತಿದ್ದದ್ದು ಪಕ್ಕದ ಶೆಡ್ಡಿನವರಿಗೂ ಕೇಳುತ್ತಿತ್ತು. ಬೆನ್ನಮೂಳೆ ಕೈಗೆ ಸಿಗತೊಡಗಿದಾಗ ಅಮ್ಮ ಹೇಳಿದಳು: “ಒಂಟಿ ಮರಿ ಉಳಿಯಲ್ಲ ಕಣೋ. ಎದುರುಮನೆ ಅಜ್ಜಿ ಒಂದು ಕೊಡ್ತೀನಿ ಅಂದಿದ್ರಲ್ಲ. ಅಟ್ಟದ ಮೇಲೆ ಹಾಕಿರೋ ಮರಿ, ಅವರು ಜೊತೆಗೆ ಒಯ್ದಿರಲ್ಲ. ಕಿಟಕೀಲಿ ಕಂಡ್ರೆ ಹಿಡ್ಕೊಂಡು ಬಾ.”

ಎದುರುಮನೆಯ ವಿಷಯ ಇಷ್ಟು. ಅಣ್ಣ ತಮ್ಮ ಇಬ್ಬರು. ಅಣ್ಣನದು ಅಡಿಕೆ ವ್ಯಾಪಾರ. ಅವನು ಹೆಂಡತಿಯ ತವರಾದ ಹೊಳೆಹೊನ್ನೂರಿಗೆ ಹೋದ. ತಮ್ಮ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ. ಹಬ್ಬಕ್ಕೆಂದು ಬಂದಿದ್ದವನು ಹೆಂಡತಿಯನ್ನು ಕರೆದುಕೊಂಡು ರೈಲಿಗೆ ಹೊರಟ. ಅಜ್ಜಿ ಈ ಇಬ್ಬರ ಸೋದರತ್ತೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ, ಅಂದರೆ ಈ ಇಬ್ಬರ ತಂದೆಯ, ಮನೆಗೆ ಬಂದವರು, ಇಬ್ಬರನ್ನೂ ಎತ್ತಿ ಆಡಿಸಿದವರು. ಮನೆಯವರೆಲ್ಲ ಅವರನ್ನು ದೊಡ್ಡತ್ತೆ ಎನ್ನುತ್ತಿದ್ದರು. ಸಂಕ್ರಾಂತಿಗೆ ಮುಂಚಿನ ಗುರುವಾರ ಬೆಳಿಗ್ಗೆ ಆ ಬಾಗಿಲಿನಿಂದ ಎರಡು ಗಾಡಿ ಹೊರಟವಂತೆ. ನಾವು ಅದಕ್ಕೂ ಎರಡು ದಿನ ಮೊದಲೇ ಬೀದಿ ಬಿಟ್ಟಿದ್ದೆವು, ನೋಡಲಿಲ್ಲ.

ಬುಧವಾರ ನಾನು ಕಿಟಕಿಯ ಮುಂದೆ ನಿಂತು ಮೀಂ ಮೀಂ ಎಂದು ಕರೆದೆ. ಒಳಗಿನ ಎರಡು ಕದಗಳಲ್ಲಿ ಒಂದು ಗೇಣಷ್ಟು ತೆರೆದಿತ್ತು. ಒಳಗೆ ಕತ್ತಲೆ.

“ಯಾರದು?” ಎಂದಿತು ಒಂದು ದನಿ.

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ದನಿ ಅಜ್ಜಿಯದೇ ಎಂದು ಮರುಕ್ಷಣ ತಿಳಿಯಿತು. “ನಾನು ಅಜ್ಜಿ, ಎದುರುಮನೆಯವನು. ಮರಿಗೆ ಬಂದೆ!”

“ಅಷ್ಟು ಗಟ್ಟಿಯಾಗಿ ಯಾಕ್ ಕೂಗ್ತೀಯೋ ಮಾರಾಯ? ನಾನೇನು ಹೊಳೆ ಆಚೆ ದಡದಲ್ಲಿದೀನಾ?”

“ನಮ್ಮದು ಒಂಟಿಯಾಗಿ ಹಾಲು ಬಿಟ್ಟಿದೆ ಅಜ್ಜಿ. ಜೊತೆಗೊಂದು ಬೇಕು. ಚೆನ್ನಾಗಿರೋದು ಕೊಡಿ.”

“ಜೊತೆಗೆ ಅಂದ್ರೆ ಚೆಂದ ನೋಡಿ ಆರಿಸಬಾರದು. ನಿಂದನ್ನ ತಂದಿದೀಯಾ? ಕಿಟಕಿ ಮೇಲೆ ಬಿಡು. ಆರಿಸೋದು ಅದು, ನೀನಲ್ಲ.”

ನಾನು ನಮ್ಮ ಪಟ್ಟೆ ಮರಿಯನ್ನು ಕಿಟಕಿಯ ಕಟ್ಟೆಯ ಮೇಲೆ ಬಿಟ್ಟೆ. ಒಳಗಿನಿಂದ ಒಂದು ಕೈ ಬಂತು. ಮೊಣಕೈಯವರೆಗೆ ಮಾತ್ರ, ಮುಖ ನನಗೆ ಕಾಣಲೇ ಇಲ್ಲ. ಆ ಕೈ ಒಂದು ಕಪ್ಪು ಮರಿಯ ಕುತ್ತಿಗೆಯ ತೊಗಲು ಹಿಡಿದು ಎತ್ತಿ ತೋರಿಸಿತು. ಮರಿ ಹಿಂಗಾಲು ಮಡಚಿ ಹೊಟ್ಟೆಗೆ ಎಳೆದುಕೊಂಡಿತು.

“ಕಾಲು ಎಳ್ಕೊಳ್ತು ನೋಡು. ಇಲಿ ಹಿಡಿಯೋ ಜಾತಿ ಇದು. ಜೊತೆಗೆ ಆಗುತ್ತೋ ಇಲ್ವೋ ನೋಡೋಣ.”

ನಮ್ಮದು ಬೆನ್ನು ಗೂನು ಮಾಡಿ ಬುಸ್ಸೆಂದಿತು. ಕೈ ಕಪ್ಪನ್ನು ಒಳಗೆಳೆದುಕೊಂಡು ಬಿಳಿಯದನ್ನು ತಂದಿತು. ಬಿಳಿಯದು ಕಾಲು ಜೋತುಬಿಟ್ಟು ಬಟ್ಟೆಯ ಹಾಗೆ ನೇತಾಡಿತು. ನಮ್ಮದು ಅದರ ಕಡೆ ತಿರುಗಿಯೂ ನೋಡಲಿಲ್ಲ. ಮೂರನೆಯದು ಬೂದಿಬಣ್ಣದ್ದು, ಮೂರರಲ್ಲೂ ಬಡಕಲು. ನಮ್ಮ ಮರಿ ಅದರ ಕಿವಿ ಮೂಸಿತು, ಬಾಯಿ ಮೂಸಿತು, ಆಮೇಲೆ ತನ್ನ ಗದ್ದವನ್ನು ಅದರ ಕತ್ತಿನ ಮೇಲಿಟ್ಟು ಕಣ್ಣು ಮುಚ್ಚಿತು.

“ಆಯ್ತು, ಸಂಬಂಧ ಕೂಡ್ತು,” ಎಂದು ಅಜ್ಜಿ ನಕ್ಕರು. “ನಿಮ್ಮಕ್ಕನಿಗೆ ಗಂಡು ನೋಡೋದೂ ಇಷ್ಟು ಸುಲಭ ಇದ್ದಿದ್ರೆ! ಒಂದೇ ಒಂದು ಆದ್ರೆ ಯಾವ ಪ್ರಾಣಿಯೂ ಕೆಡುತ್ತೆ ಕಣೋ. ಗೋಡೆ ನೋಡ್ತಾ ನೋಡ್ತಾ ಕೆಡುತ್ತೆ.”

ನಾನು ಎರಡನ್ನೂ ಬುಟ್ಟಿಗೆ ಹಾಕಿ ಮುಚ್ಚಳ ಕಟ್ಟುತ್ತಿದ್ದಾಗ ಅವರು ಕೇಳಿದರು: “ನಮ್ಮೋರೆಲ್ಲ ಸುಖವಾಗಿ ಸೇರ್ಕೊಂಡ್ರಂತಾ?”

“ಸೇರ್ಕೊಂಡ್ರಂತೆ ಅಜ್ಜಿ,” ಎಂದೆ. ನನಗೆ ಅದರ ಬಗ್ಗೆ ಏನೂ ತಿಳಿದಿರಲಿಲ್ಲ. ಕೇಳಿದ್ದಕ್ಕೆ ಒಂದು ಉತ್ತರ ಕೊಟ್ಟೆ, ಅಷ್ಟೆ.

“ಸದ್ಯ,” ಎಂದರು.

ಅಷ್ಟರಲ್ಲಿ ಜಗುಲಿಯ ಮೂಲೆಯಲ್ಲಿ ಒಂದು ಇಲಿ ಕಂಡಿತು. ಸತ್ತು ಒಂದೆರಡು ದಿನವಾಗಿರಬೇಕು. ಅದನ್ನು ಕಂಡ ಮೇಲೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. “ಬರ್ತೀನಿ ಅಜ್ಜಿ,” ಎಂದು ಕೆಳಗೆ ಹಾರಿ ನಡೆದುಬಿಟ್ಟೆ. ಬೀದಿಯ ತಿರುವಿನಲ್ಲಿ ಒಮ್ಮೆ ಹಿಂದಕ್ಕೆ ನೋಡಿದೆ. ಕೈ ಇನ್ನೂ ಸರಳಿನ ಹೊರಗೇ ಇತ್ತು. ಅಂಗೈ ಮೇಲೆ ಮಾಡಿ ಚಾಚಿತ್ತು. ಏನೋ ಬಿಸಿಲು ಕಾಯಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ.

ಬಯಲು ತಲುಪುವವರೆಗೆ ಅಕ್ಕ ನನ್ನ ಮುಂದೆ ಮುಂದೆ ನಡೆದಳು. ಆಮೇಲೆ ಕೇಳಿದಳು: “ಬಾಗಿಲ ಬೀಗ ನೋಡಿದ್ಯಾ?”

“ಇತ್ತು. ಹಿತ್ತಲ ಕಡೆಯಿಂದ ಬಂದಿರ್ತಾರೆ. ನಮ್ಮ ಹಾಗೆ ಸಾಮಾನು ಒಯ್ಯೋಕೆ.”

“ಬೀಗದಿಂದ ಕದಕ್ಕೆ ಜೇಡ ಬಲೆ ಕಟ್ಟಿದೆ, ಬೀದೀಲಿ ನಿಂತೋಳಿಗೇ ಕಾಣ್ತಿತ್ತು. ಮನೆ ಒಳಗೆ ಇನ್ಯಾರದೂ ಸದ್ದಿಲ್ಲ. ಆ ಮನೆಗೆ ಯಾರೂ ಬಂದಿಲ್ಲ ಕಣೋ.”

“ದೆವ್ವ ಬಂದು ಮರಿ ಆರಿಸಿಕೊಡುತ್ತೇನೇ ಮಾರಾಯ್ತಿ? ನಿನಗೆ ಗಂಡೂ ನೋಡುತ್ತಂತೆ, ಒಪ್ಪಿಗೆನಾ?”

ಅವಳು ಶೆಡ್ಡಿಗೆ ಬಂದು ಅಮ್ಮನಿಗೆ ಹೇಳಿದಳು. ಅಮ್ಮ ಬುಟ್ಟಿಯನ್ನು ಒಳಗೆ ತರಗೊಡದೆ ಸ್ವಲ್ಪ ಹೊತ್ತು ಬಾಗಿಲಲ್ಲೇ ಇರಿಸಿದಳು. ನಮ್ಮ ಬೀದಿಯಲ್ಲಿ ಆ ತಿಂಗಳು ಬಹಳ ಜನ ತೀರಿಕೊಂಡಿದ್ದರು. ಯಾರು ಇದ್ದಾರೆ, ಯಾರು ಇಲ್ಲ ಎಂಬ ಸುದ್ದಿ ಸರಿಯಾಗಿ ತಲುಪುತ್ತಿರಲಿಲ್ಲ. “ಆ ಮಾತು ಇನ್ನು ಬಾಯಿ ಬಿಡಬೇಡಿ, ಇಬ್ಬರೂ,” ಎಂದಳು. ನಾವು ಬಾಯಿ ಬಿಡಲಿಲ್ಲ. ಈ ಮೌನವೂ ನಾನು ಒಪ್ಪಿಕೊಳ್ಳಬೇಕಾದ ಸಂಗತಿ. ಅಕ್ಕನಿಗೆ ಅದು ದೆವ್ವವೆಂಬ ಭಯ, ನನಗೆ ಅಲ್ಲವೆಂಬ ಹಟ. ಇವೆರಡರ ನಡುವೆ ಮತ್ತೊಮ್ಮೆ ಹೋಗಿ ನೋಡುವ ಯೋಚನೆ ಯಾರಿಗೂ ಬರಲಿಲ್ಲ.

ಹೋದ ಕೆಲಸವೇನೋ ಆಯಿತು. ಮರಿಗಳು ಅದೇ ಸಂಜೆ ಒಂದೇ ತಟ್ಟೆಯಲ್ಲಿ ಹಾಲು ಕುಡಿದವು. ನಮ್ಮದು ಅರಚುವುದನ್ನು ನಿಲ್ಲಿಸಿತು. ಬೂದಿಮರಿ ಮಾತ್ರ ಮಧ್ಯಾಹ್ನದ ಹೊತ್ತಿಗೆ ತಟ್ಟಿಯ ಹೊರಗೆ ಹೋಗಿ, ಊರ ಕಡೆ ಮುಖ ಮಾಡಿ, ಬಹಳ ಹೊತ್ತು ಅಲುಗಾಡದೆ ಕೂತಿರುತ್ತಿತ್ತು. ನಮ್ಮದು ಅದರ ಪಕ್ಕ ಹೋಗಿ ತಾನೂ ಹಾಗೆಯೇ ಕೂರುವುದನ್ನು ಕಲಿತುಕೊಂಡಿತು.

ಸೋಮವಾರ ನಾನು ಕೆಲಸ ವಿಚಾರಿಸಲು ಭದ್ರಾವತಿಗೆ ಹೋದೆ. ಎದುರುಮನೆಯ ತಮ್ಮನಿಗೆ ಅಂದು ರಜೆಯಿತ್ತು, ಕ್ವಾರ್ಟರ್ಸಿನಲ್ಲೇ ಸಿಕ್ಕ. ಅವನ ಹೆಂಡತಿ ಕಾಫಿ ಕೊಡುತ್ತ ಹೇಳಿದಳು: “ದೊಡ್ಡತ್ತೆ ಹೊಳೆಹೊನ್ನೂರಲ್ಲಿ ಹೇಗಿದಾರೋ ಏನೋ. ಒಂದು ಕಾಗದ ಇಲ್ಲ.”

“ಚೆನ್ನಾಗಿದಾರೆ,” ಎಂದೆ ತಮ್ಮನ ಕಡೆ ತಿರುಗಿ. “ಬುಧವಾರ ಮನೇಲೇ ಸಿಕ್ಕಿದ್ರಲ್ಲ. ನಿಮ್ಮಣ್ಣ ಕರ್ಕೊಂಡು ಬಂದಿದ್ರೇನೋ. ಮರಿ ಕೊಟ್ರು.”

ಅವನು ನಕ್ಕ. “ಅಣ್ಣ ಪ್ಲೇಗು ಮುಗಿಯೋವರೆಗೂ ಈ ಕಡೆ ತಲೆ ಹಾಕಲ್ಲ ಅಂತ ನಿನ್ನೆ ತಾನೇ ಹೇಳಿ ಕಳಿಸಿದಾನೆ. ದೊಡ್ಡತ್ತೆ ನಿಮ್ಮ ಹತ್ರಾನೇ ಇರಲಿ ಅಂತಲೂ ಅಂದಿದಾನೆ. ನಾನು ಅದೇನು ಹೀಗಂತಾನೆ ಅಂದ್ಕೊಂಡೆ, ಇವಳಿಗೂ ಹೇಳಲಿಲ್ಲ. ನೀನು ಯಾವ ಬೆಕ್ಕಿನ ಹತ್ರ ಮಾತಾಡಿ ಬಂದ್ಯೋ!”

ಹೆಂಡತಿ ನಗಲಿಲ್ಲ. ಲೋಟ ಕೆಳಗಿಟ್ಟು ಅವಳು ಗಂಡನ ಮುಖ ನೋಡಿದಳು. ಆಗ ನನಗೆ ಕಿಟಕಿಯ ಹಿಂದಿನ ಆ ಪ್ರಶ್ನೆ ನೆನಪಾಯಿತು. ನಮ್ಮೋರೆಲ್ಲ ಸೇರ್ಕೊಂಡ್ರಂತಾ. ಜೊತೆಗೆ ಹೋಗಿ ಬಂದವರು ಯಾರಾದರೂ ಹಾಗೆ ಕೇಳುತ್ತಾರೆಯೇ?

ನಾನು ಆ ಮಾತು ಹೇಳಿದೆ. ಮೂವರಲ್ಲಿ ಯಾರೂ ಕಾಫಿ ಮುಗಿಸಲಿಲ್ಲ. ಮಧ್ಯಾಹ್ನದ ರೈಲು ಸಿಕ್ಕಿತು. ಬೀಗದ ಕೈ ಹೊಳೆಹೊನ್ನೂರಿನಲ್ಲಿತ್ತು. ಕಳ್ಳರ ಭಯಕ್ಕೆ ಹಿತ್ತಲ ಬಾಗಿಲಿಗೂ ಅಣ್ಣ ಹೊರಗಿನಿಂದ ಬೀಗ ಹಾಕಿಸಿದ್ದನಂತೆ. ಬಯಲಿನಿಂದ ಹಾರೆ ತಂದು ಮುಂಬಾಗಿಲನ್ನೇ ಒಡೆದೆವು. ಆಗ ನಾಲ್ಕು ಗಂಟೆ ದಾಟಿರಲಿಲ್ಲ. ಬಾಗಿಲು ತೆರೆದಾಗ ಬಿಸಿಲು ನಡುಮನೆಯ ಅರ್ಧದವರೆಗೆ ಹೋಯಿತು.

ಅಜ್ಜಿ ನಡುಮನೆಯಲ್ಲಿ ಕೂತಿದ್ದರು. ನಮಗೆ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿ. ಒಗೆದ ಸೀರೆ ಉಟ್ಟಿದ್ದರು. ಮಡಿಲಲ್ಲಿ ಒಂದು ಸಣ್ಣ ಬಟ್ಟೆಯ ಗಂಟು. ತಾಯಿಬೆಕ್ಕು, ಕಪ್ಪು ಮರಿ, ಬಿಳಿ ಮರಿ ಅವರೆದುರು ಸಾಲಾಗಿ ಕೂತು ಅವರ ಮುಖವನ್ನೇ ನೋಡುತ್ತಿದ್ದವು. ಹಾರೆಯ ಅಷ್ಟು ದೊಡ್ಡ ಸದ್ದಿಗೆ ಬೆಕ್ಕುಗಳೂ ಓಡಿರಲಿಲ್ಲ, ಅವರೂ ತಿರುಗಿರಲಿಲ್ಲ.

“ದೊಡ್ಡತ್ತೆ,” ಎಂದ ತಮ್ಮ. “ದೊಡ್ಡತ್ತೆ!” ಎಂದು ಮತ್ತೆ ಕೂಗಿದ. ಬೆನ್ನು ಉಸಿರಾಡುತ್ತಿರುವುದು ಕಾಣುತ್ತಿತ್ತು. ಮೂರನೆಯ ಸಲ ಕೂಗಿದಾಗ, ತಿರುಗದೆಯೇ, ಬೇಸರದ ದನಿಯಲ್ಲಿ ಹೇಳಿದರು:

“ಹೊರಟೋರನ್ನ ಹಿಂದಿನಿಂದ ಕರೀಬಾರದು ಕಣಪ್ಪ. ಗೊತ್ತಾಗಲ್ವಾ?”

ಅವನ ಹೆಂಡತಿ ನಮ್ಮಿಬ್ಬರನ್ನೂ ಸರಿಸಿಕೊಂಡು, ಗೋಡೆಯ ಬದಿಯಿಂದ ಸುತ್ತಿ ಹೋಗಿ, ಅವರ ಮುಂದೆ ಕುಳಿತಳು. ಹಣೆ ಮುಟ್ಟಿದಳು. ಮೈ ಸುಡುತ್ತಿತ್ತು.

ನಮ್ಮ ಶೆಡ್ಡೇ ಹತ್ತಿರವಾದ್ದರಿಂದ ಅಲ್ಲಿಗೇ ಹೊತ್ತು ತಂದೆವು. ಡಾಕ್ಟರು ಕಂಕುಳು, ತೊಡೆಸಂದು ನೋಡಿ, ಗಂಟು ಎದ್ದಿಲ್ಲ, ಪ್ಲೇಗಲ್ಲ ಎಂದರು. ಏನೆಂದು ಹೇಳಲಿಲ್ಲ. ಜ್ವರ ಇಳಿದಾಗಲೆಲ್ಲ ಅಜ್ಜಿ ಸ್ಪಷ್ಟವಾಗಿ ಮಾತಾಡಿದರು. ಹದಿನೆಂಟು ದಿನ ಡಬ್ಬಿಯಲ್ಲಿ ಉಳಿದ ಅವಲಕ್ಕಿ, ಬಚ್ಚಲ ಪಕ್ಕದ ಒಳಬಾವಿಯ ನೀರು, ಇಷ್ಟರಲ್ಲೇ ಇದ್ದರು.

ಹಬ್ಬಕ್ಕೆ ಮುಂಚಿನ ಆ ಗುರುವಾರ ಗಾಡಿ ಹೊರಡುವ ಹೊತ್ತಿಗೆ ಅವರು ಅಟ್ಟ ಹತ್ತಿದ್ದರಂತೆ. ಗಂಡ ಸತ್ತವಳು ಹೊರಟವರಿಗೆ ಎದುರಾಗಬಾರದು. ಎಲ್ಲರೂ ಹೊಸಿಲು ದಾಟಿದ ಮೇಲೆ ಇಳಿದು ಯಾವುದಾದರೊಂದು ಗಾಡಿ ಹತ್ತೋಣ, ಅಲ್ಲಿಯವರೆಗೆ ಮರಿಗಳನ್ನು ನೋಡೋಣ ಎಂದುಕೊಂಡರು. ಈ ಗಾಡಿಯವರು ಅವರು ಆ ಗಾಡಿಯಲ್ಲಿದ್ದಾರೆಂದುಕೊಂಡರು, ಆ ಗಾಡಿಯವರು ಈ ಗಾಡಿಯಲ್ಲಿ. ಇಳಿದು ಬರುವಷ್ಟರಲ್ಲಿ ಬೀಗ ಬಿತ್ತು. ಎತ್ತಿನ ಗಂಟೆ ಇನ್ನೂ ಬಾಗಿಲಲ್ಲೇ ಕೇಳುತ್ತಿತ್ತು. ಒಂದು ಕೂಗು ಹಾಕಿದ್ದರೆ ಸಾಕಿತ್ತು.

“ಹಾಕ್ಬಹುದಿತ್ತಲ್ಲ ದೊಡ್ಡತ್ತೆ,” ಎಂದು ತಮ್ಮ ಅತ್ತ.

“ಮಕ್ಕಳು ಪ್ಲೇಗಿಗೆ ಹೆದರಿ ಹೊರಟಿದೀರಿ. ಹಿಂದಿನಿಂದ ಕರೆದು ಅಪಶಕುನ ಮಾಡ್ಲಾ?”

ಆಮೇಲೆ ನನ್ನ ಕಡೆ ನೋಡಿದರು. ಮುಖ ಸರಿಯಾಗಿ ಕಂಡದ್ದು ನನಗೆ ಆಗಲೇ, ತುಂಬ ಸಣ್ಣದಾಗಿತ್ತು. ನಾನು ಕೇಳಬೇಕಾದ್ದನ್ನು ಕೇಳಿದೆ: “ನನಗಾದ್ರೂ ಹೇಳ್ಬಹುದಿತ್ತಲ್ಲ ಅಜ್ಜಿ, ಬುಧವಾರ?”

“ಹೇಳೋಣ ಅಂತಲೇ ಇದ್ದೆ,” ಎಂದರು. “ಮೊದಲು ಮರಿ ಕೂಡ್ಲಿ ಅಂತ ಕಾದೆ. ಅಷ್ಟರಲ್ಲಿ ನೀನು ಹೊರಟುಬಿಟ್ಟೆ.”

ಶೆಡ್ಡಿಗೆ ತಂದ ಮೂರು ದಿನಕ್ಕೆ, ಗುರುವಾರ ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಅವರು ತೀರಿಕೊಂಡರು.

ನಾನು ಕಂಡದ್ದು ಇಷ್ಟು. ಅಣ್ಣ, ತಮ್ಮ, ಡಾಕ್ಟರು, ನಮ್ಮ ಅಮ್ಮ, ಎಲ್ಲರೂ ಹೋಗಿದ್ದಾರೆ. ಕಿಟಕಿಯ ಕೈಯನ್ನೂ ಬೀಗದ ಮೇಲಿನ ಬಲೆಯನ್ನೂ ಕಂಡ ಅಕ್ಕ ಇದ್ದಾಳೆ. ಹೊಸಮನೆ ಬಡಾವಣೆಯಲ್ಲಿ ಮಗಳ ಜೊತೆಗಿದ್ದಾಳೆ. ಗಂಡ ತೀರಿಕೊಂಡ ಮೇಲೆ, ನಾನು ಹೊರಡುವಾಗ ಅವಳು ಬಾಗಿಲವರೆಗೂ ಬರುವುದಿಲ್ಲ, ಒಳಗೇ ಕೂತಿರುತ್ತಾಳೆ. ಗೋಡೆಗೆ ಮುಖ ಮಾಡಿ ಕೂತವರ ಎದುರು ಹೋಗಿ ಕುಳಿತವಳು, ತಮ್ಮನ ಹೆಂಡತಿ, ಭದ್ರಾವತಿಯಲ್ಲಿದ್ದಾಳೆ. ಅವಳಿಗೆ ಈಗ ಕಣ್ಣು ಕಾಣಿಸದು. ಆ ಮುಖ ಆಗ ಹೇಗಿತ್ತು ಎಂದು ನಾನು ಅವಳನ್ನು ಎರಡು ಸಲ ಕೇಳಿದ್ದೇನೆ; ಎರಡು ಸಲವೂ ಅವಳು ಹೇಳಲಿಲ್ಲ.