ಪಡಸಾಲೆಯಲ್ಲೊಂದು ಎಡೆ, ಒಳಮನೆಯಲ್ಲೊಂದು

ಹೋದ ವರ್ಷದ ಬೇಸಿಗೆ. ಚಿತ್ರದುರ್ಗದಲ್ಲಿ ಕಾನೂನು ಓದು ಮುಗಿಸಿ, ಮುಂದೇನು ಎಂದು ತೋಚದೆ ನಾನು ಊರಿನಲ್ಲೇ ಕೂತಿದ್ದೆ. ನಮ್ಮೂರು ಹೊಳಲ್ಕೆರೆ ತಾಲ್ಲೂಕಿನಲ್ಲಿ, ರಾಮಗಿರಿ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ಊರಿನ ಹೆಸರು ಬರೆಯುವುದಿಲ್ಲ, ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ಯಾಕೆಂದು ಓದುತ್ತ ಹೋದರೆ ತಿಳಿಯುತ್ತದೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ನಮ್ಮೂರಿನ ಐದು ಮಂದಿ ರೈಲ್ವೆ ಗ್ಯಾಂಗಿನವರು ಯುದ್ಧ ನಡೆಯುತ್ತಿದ್ದ ಬರ್ಮಾ ಕಡೆಗೆ ಹೋಗಿದ್ದರಂತೆ. ಬಂದೂಕು ಹಿಡಿಯಲಿಕ್ಕಲ್ಲ. ಸೈನ್ಯದ ಗಾಡಿ ಓಡಾಡಲು ಹಳಿ ಹಾಕುವುದಕ್ಕೆ, ಕಿತ್ತುಹೋದ ಹಳಿ ಕೂಡಿಸುವುದಕ್ಕೆ. ಅವರಲ್ಲಿ ಅಲ್ಲೇ ಸತ್ತವರ ಹೆಸರು ಕೆತ್ತಿಸಿ ಬಸ್ ನಿಲ್ಲುವ ಜಾಗದಲ್ಲೊಂದು ಕಲ್ಲು ನೆಡಬೇಕೆಂದು ಊರಿನ ಯುವಕ ಸಂಘದವರು ತೀರ್ಮಾನಿಸಿದರು.

ನಾನು ಸುಮ್ಮನಿರುವವನಲ್ಲ. ಕಾಲೇಜಿನಲ್ಲಿ ಓದಿದ್ದಕ್ಕಿಂತ ಚರ್ಚಾಸ್ಪರ್ಧೆಗೆ ಹೋಗಿದ್ದೇ ಹೆಚ್ಚು. ಚೀಟಿಯಲ್ಲಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ, ಎರಡರಲ್ಲೂ ಗೆದ್ದು ಬರುತ್ತಿದ್ದೆ. ಹಾಗಾಗಿ ಸಭೆಯಲ್ಲಿ ಎದ್ದು ಕೇಳಿದೆ: "ಬರ್ಮಾಕ್ಕೆ ಹೋದ್ರು ಅಂತೀರಿ, ಸಾಕ್ಷಿ ಏನು? ನಮ್ಮೂರೋರಿಗೆ ದಾವಣಗೆರೆಯಿಂದ ಆಚೆ ಇರೋದೆಲ್ಲ ಬರ್ಮಾನೇ."

ಎಲ್ಲರೂ ನಕ್ಕರು. ಸಂಘದ ಮಂಜಣ್ಣ ಮಾತ್ರ ನಗಲಿಲ್ಲ. ಸತ್ತವರಲ್ಲಿ ಒಬ್ಬರು ಅವನ ಮುತ್ತಾತ. "ಲೇ ಲಾಯರ್, ಅಷ್ಟು ಅನುಮಾನ ಇದ್ರೆ ನೀನೇ ಹುಡುಕ್ಕಂಡು ಬಾ ಹೋಗು. ಹೆಂಗೂ ಖಾಲಿ ಕುಂತೀಯ" ಎಂದ.

ಹೀಗೆ ಆ ಕೆಲಸ ನನ್ನ ಕೊರಳಿಗೆ ಬಿತ್ತು. ಒಂದು ತಿಂಗಳು ಮನೆಮನೆ ತಿರುಗಿದೆ. ಹೋದದ್ದು ನಿಜವೆಂದು ಒಪ್ಪಲೇಬೇಕಾಯಿತು. ಇಬ್ಬರು ಸತ್ತ ಸುದ್ದಿ ಆಗಲೇ ಸರ್ಕಾರದ ಕಡೆಯಿಂದ ಬಂದಿತ್ತು. ಇಬ್ಬರು ತಿರುಗಿ ಬಂದಿದ್ದರು. ಒಬ್ಬ ಅಲ್ಲಿ ಬೇರೆ ಬಿಡಾರದಲ್ಲಿದ್ದವನು, ಅವನಿಗೆ ಮಕ್ಕಳೂ ಇರಲಿಲ್ಲ. ಇನ್ನೊಬ್ಬ ಇಮಾಮ್ ಸಾಬ್ ಬಂದ ಕೆಲವೇ ತಿಂಗಳಲ್ಲಿ ಸಂಸಾರ ಸಮೇತ ಹೊಸದುರ್ಗಕ್ಕೆ ಹೊರಟುಹೋಗಿದ್ದ. ಯಾಕೆ ಹೋದನೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಐದನೆಯವನು ಚನ್ನಬಸಪ್ಪ. ಸತ್ತ ಸುದ್ದಿಯೂ ಇಲ್ಲ, ಬಂದದ್ದೂ ಇಲ್ಲ.

ಚನ್ನಬಸಪ್ಪನ ಮಗಳು ಹಾಲಮ್ಮಜ್ಜಿ ಇನ್ನೂ ಇದ್ದಾರೆ. ಎಂಬತ್ತು ದಾಟಿದೆ, ಕಣ್ಣು ಮಂಜು, ಬಾಯಿ ಮಾತ್ರ ಚುರುಕು. ಮಗ ಸೊಸೆಯರ ಜೊತೆಗಿದ್ದರೂ ಅಡುಗೆಮನೆಯ ಯಜಮಾನಿಕೆ ಬಿಟ್ಟುಕೊಟ್ಟಿಲ್ಲ. ನಾನು ಹೋದಾಗ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು.

"ಬಾರಪ್ಪ, ಕುಂತ್ಕ. ನಮ್ಮಪ್ಪನ್ನ ಹುಡುಕಾಕೆ ಹೊಂಟೀಯಂತೆ?"

"ಹೂಂ ಅಜ್ಜಿ. ಆದರೆ ಬದುಕಿದ್ದರೂ ಈಗ ನೂರು ದಾಟಿರುತ್ತಿತ್ತು. ತೀರಿಕೊಂಡಿದ್ದಾರೆ ಅಂತ ಧೈರ್ಯವಾಗಿ ಹೇಳಬಹುದು. ನೀವು ಹಿರಿಯರ ಹಬ್ಬಕ್ಕೆ ಅವರಿಗೆ ಎಡೆ ಇಡಲ್ವಂತೆ?"

"ಹೆಂಗಿಡ್ಲಿ? ಸತ್ತ ಅಂತ ನಂಗೂ ಗೊತ್ತು. ಯಾವಾಗ ಸತ್ತ ಅನ್ನೋದು ಗೊತ್ತಾಗಬೇಕಲ್ಲ. ನಮ್ಮವ್ವನಿಗಿಂತ ಮುಂಚೆನೋ, ಆಮ್ಯಾಲೋ?"

ಮೊದಲಿಗೆ ನನಗೆ ಅರ್ಥವಾಗಲಿಲ್ಲ. ಅಜ್ಜಿ ಬಿಡಿಸಿ ಹೇಳಿದರು. ಅವರ ತಾಯಿ ರುದ್ರಮ್ಮ ಗಂಡನ ಸುದ್ದಿ ಇಲ್ಲದೆಯೂ ಕೊನೆಯ ತನಕ ಹಸಿರು ಬಳೆ ತೊಟ್ಟಿದ್ದರು, ಕುಂಕುಮ ಇಟ್ಟಿದ್ದರು. ಒಂದು ಮದುವೆಯಲ್ಲಿ ಅರಿಶಿನ ಕುಟ್ಟಲು ಹೋದಾಗ ಓಣಿಯ ಹೆಂಗಸೊಬ್ಬಳು ಒನಕೆ ಕಿತ್ತುಕೊಂಡು, "ಗಂಡ ಇದಾನೋ ಇಲ್ವೋ ಗೊತ್ತಿಲ್ದೋಳು ಮುಟ್ಟಬ್ಯಾಡ" ಅಂದಿದ್ದಳಂತೆ. ಹಿರಿಯರು ಸೇರಿ, ಸತ್ತ ಸುದ್ದಿ ಬರುವ ತನಕ ಆಕೆ ಮುತ್ತೈದೆಯೇ ಎಂದು ತೀರ್ಪು ಕೊಟ್ಟರು. ಅಲ್ಲಿಂದ ಮುಂದೆ ಊರಿನ ಎಷ್ಟೋ ಮದುವೆಗಳಲ್ಲಿ ಮೊದಲ ಆರತಿ ರುದ್ರಮ್ಮನದೇ. ಸತ್ತಾಗಲೂ ಉಡಿ ತುಂಬಿ, ಬಳೆ ತೊಡಿಸಿ, ಮುತ್ತೈದೆಯಾಗಿಯೇ ಮಣ್ಣು ಮಾಡಿದ್ದರು. ಅಪ್ಪ ಮುಂಚೆಯೇ ಸತ್ತಿದ್ದರೆ, ಅಷ್ಟು ವರ್ಷ ಆರತಿ ಎತ್ತಿದವಳು ವಿಧವೆ ಎಂದಾಗುತ್ತಿತ್ತು.

"ಆಮ್ಯಾಲೆ ಸತ್ತ ಅಂತ ತಿಳ್ಕಂಡು ಬಾರಪ್ಪ" ಎಂದರು ಅಜ್ಜಿ, ನಗುತ್ತ. ಆ ನಗುವಿನಲ್ಲಿ ತಮಾಷೆ ಅರ್ಧ ಮಾತ್ರ ಇತ್ತು.

ಗುರುತಿಗೆಂದು ಒಂದು ಪ್ರಶ್ನೆ ಕೇಳಿದೆ. ಅಪ್ಪನ ಬಗ್ಗೆ ಅವ್ವ ಹೇಳಿದ್ದೇನಾದರೂ ನೆನಪಿದೆಯೇ? ಲಿಂಗ ಇಟ್ಟುಕೊಳ್ಳುವ ಹಿತ್ತಾಳೆ ಕರಡಿಗೆಯ ಕೀಲು ಮುರಿದಿದ್ದು, ಹೊರಡುವ ದಿನ ಅವ್ವನೇ ತಾಮ್ರದ ತಂತಿ ಸುತ್ತಿ ಮುಚ್ಚಳ ಬಿಗಿದಿದ್ದಳೆಂದು ಅಜ್ಜಿ ಹೇಳಿದರು.

ಹೊಸದುರ್ಗದಲ್ಲಿ ಇಮಾಮ್ ಸಾಬರ ಮಗ ರಸೂಲ್ ಸಾಬ್ ಹಾಸಿಗೆ ಹೊಲಿಯುವ ಸಣ್ಣ ಅಂಗಡಿ ಇಟ್ಟಿದ್ದರು. ಹತ್ತಿಯ ಧೂಳಿಗೆ ಹುಬ್ಬು ರೆಪ್ಪೆಯೆಲ್ಲ ಬೆಳ್ಳಗಾಗಿತ್ತು. ಚನ್ನಬಸಪ್ಪನ ಹೆಸರು ಎತ್ತಿದ ಕೂಡಲೇ ಸೂಜಿ ನಿಲ್ಲಿಸಿದರು.

"ಅವರ ಹೆಂಡ್ತಿ ಇದಾರಾ?"

"ಇಲ್ಲ, ತೀರಿಕೊಂಡು ಬಹಳ ವರ್ಷ ಆಯ್ತು. ಮಗಳಿದ್ದಾರೆ."

"ಹಂಗಾರೆ ಹೇಳಬಹುದು. ಆ ಯಮ್ಮ ಇರೋತನಕ ಬಾಯಿ ಬಿಡಬ್ಯಾಡ ಅಂದಿದ್ರು ನಮ್ಮ ಅಬ್ಬಾ."

ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲೇ ಎಂದೆ. ಮಾಡ್ಕಳ್ರಿ ಎಂದರು. ಅವರು ಹೇಳಿದ್ದು ಇಷ್ಟು. ಗುಡ್ಡದ ಸೀಮೆ, ಬಿಡದ ಮಳೆ, ಹಳಿ ಕೆಲಸದ ಬಿಡಾರದಲ್ಲಿ ಜ್ವರ ಹಬ್ಬಿ ಜನ ಸಾಯುತ್ತಿದ್ದರು. ಸತ್ತವರನ್ನೆಲ್ಲ ಒಂದೇ ಗುಂಡಿಯಲ್ಲಿ ಮಲಗಿಸಿ ಮುಚ್ಚುತ್ತಿದ್ದರು. ಚನ್ನಬಸಪ್ಪ ಜ್ವರದಲ್ಲೇ ಇಮಾಮ್ ಸಾಬರ ಕೈ ಹಿಡಿದು, "ನನ್ನ ಮಲಗಿಸಬ್ಯಾಡ, ಕೂರಿಸು. ಲಿಂಗ ಕೈಯಾಗಿರ್ಲಿ" ಎಂದರಂತೆ. ಸತ್ತ ಮೇಲೆ ಇಮಾಮ್ ಸಾಬ್ ಮೇಲಿನವರ ಜೊತೆ ಜಗಳ ಮಾಡಿ, ಹಳಿಯ ಪಕ್ಕದಲ್ಲಿ ತಾವೇ ಬೇರೆ ಗುಂಡಿ ತೋಡಿ ಕೂರಿಸಿದರು. ಆ ಸಾವು ಸರ್ಕಾರದ ಲೆಕ್ಕಕ್ಕೆ ಸೇರಲೇ ಇಲ್ಲ.

"ವಿಭೂತಿ ಎಲ್ಲಿಂದ ಬರಬೇಕ್ರಿ ಅಲ್ಲಿ? ಇಂಜಿನ್ನಿನ ಬೂದಿ ತಂದು ಹಣೆಗೆ ಹಚ್ಚಿದ್ರಂತೆ."

ನನ್ನೊಳಗಿನ ವಾದಿ ಆಗಲೂ ಸುಮ್ಮನಿರಲಿಲ್ಲ. "ಇದನ್ನೆಲ್ಲ ಊರಿಗೆ ಬಂದ ದಿನವೇ ಯಾಕೆ ಹೇಳಲಿಲ್ಲ? ನಿಮ್ಮ ತಂದೆ ಮುಚ್ಚಿಟ್ಟರು ಅಂದರೆ ಅನುಮಾನ ಬರಲ್ವಾ?"

"ನೀವೇನು ಪೋಲೀಸಾ?" ಎಂದು ರಸೂಲ್ ಸಾಬ್ ನನ್ನನ್ನು ದಿಟ್ಟಿಸಿದರು. "ಗಾಡಿ ಇಳಿದ್ರೆ ಆ ಯಮ್ಮ ಮಗಿನ ಕೈ ಹಿಡ್ಕಂಡು ಎದುರಿಗೇ ನಿಂತಿದ್ರಂತೆ. ಕೈ ತುಂಬ ಬಳೆ. 'ಅವ್ರೆಲ್ಲಿ ಇಮಾಮಣ್ಣ?' ಅಂದ್ರು. ಅಬ್ಬಾ ಏನು ಹೇಳಬೇಕು? ಜಂಗಮರಿಲ್ದೆ ಒಬ್ಬ ಸಾಬ ಮಣ್ಣು ಮಾಡಿದ, ಇಂಜಿನ್ ಬೂದಿ ಬಳಿದ, ಅಂತ ಹೇಳಬೇಕಾ? ಹಿಂದಿನ ಗಾಡೀಲಿ ಬರ್ತಾನೆ ಕಣಮ್ಮ ಅಂದುಬಿಟ್ರು. ಆಮೇಲೆ ಆ ಯಮ್ಮ ಓಣೀಲಿ ಸಿಕ್ಕಾಗೆಲ್ಲ, 'ಗಾಡಿ ಬಂತಾ ಇಮಾಮಣ್ಣ?' ಅಂತ ಕೇಳೋರು. ಬೈತಿರಲಿಲ್ಲ, ಅಳ್ತಿರಲಿಲ್ಲ. ಬರೇ ಕೇಳೋರು. ಅದನ್ನ ತಡೀಲಾರ್ದೆ ಊರೇ ಬಿಟ್ರು."

ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ್ದನ್ನು ತಂದು ನನ್ನ ಕೈಯಲ್ಲಿಟ್ಟರು. ಹಿತ್ತಾಳೆ ಕರಡಿಗೆ. "ಲಿಂಗ ಅವರ ಜೊತೆಗೇ ಹೋತು. ಇದೊಂದು ಉಳೀತು." ಮುಚ್ಚಳಕ್ಕೆ ಸುತ್ತಿದ್ದ ತಾಮ್ರದ ತಂತಿ ಕಪ್ಪಾಗಿತ್ತು. ಅದರ ಬಗ್ಗೆ ನಾನು ಒಂದು ಮಾತೂ ಆಡಿರಲಿಲ್ಲ. ಇದಕ್ಕಿಂತ ಗಟ್ಟಿ ಸಾಕ್ಷಿಯನ್ನು ಯಾವ ಸ್ಪರ್ಧೆಯಲ್ಲೂ ನಾನು ಮುಂದಿಟ್ಟಿರಲಿಲ್ಲ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗ, ಗೆದ್ದಾಗ ಆಗುತ್ತಿದ್ದ ಖುಷಿಗಾಗಿ ಕಾದೆ. ಬರಲಿಲ್ಲ.

ಹಾಲಮ್ಮಜ್ಜಿ ಕರಡಿಗೆಯನ್ನು ಕೈಗೆ ತೆಗೆದುಕೊಂಡು ತಂತಿಯ ಮೇಲೆ ಬೆರಳಾಡಿಸಿದರು. ಬೇರೇನೂ ಕೇಳಲಿಲ್ಲ.

"ಮುಂಚೆನೋ, ಆಮ್ಯಾಲೋ?"

ಸುಳ್ಳು ಹೇಳಬಹುದಿತ್ತು. ನನಗೆ ಆ ಅಭ್ಯಾಸವಿಲ್ಲ. "ಮುಂಚೆ ಅಜ್ಜಿ. ನಿಮಗೆ ಇನ್ನೂ ಸರಿಯಾಗಿ ಮಾತು ಬರದಿದ್ದಾಗ."

ಅಜ್ಜಿ ಕರಡಿಗೆಯನ್ನು ಸೆರಗಿನೊಳಗೆ ಮುಚ್ಚಿಕೊಂಡರು. ಅದಕ್ಕೆ ಹೆದರಿ ನಾನು ಬಾಯಿ ತೆರೆದೆ. ಶರಣರು ಸೂತಕವನ್ನೇ ಒಪ್ಪಲಿಲ್ಲ ಎಂದೆ. ನಿಮ್ಮವ್ವ ಆರತಿ ಎತ್ತಿದ ಮದುವೆಗಳೆಲ್ಲ ಚೆನ್ನಾಗಿಯೇ ಇವೆ, ಹಾಗಾದರೆ ಕುಂಕುಮಕ್ಕೂ ಗಂಡನ ಉಸಿರಿಗೂ ಸಂಬಂಧವಿಲ್ಲ ಅಂತ ಸಾಬೀತಾಯಿತಲ್ಲ ಎಂದೆ. ಒಂದೊಂದು ಮಾತೂ ಸರಿಯಾಗಿತ್ತು.

"ಶರಣರು ಹೇಳಿದ್ದು ಸರಿ ಐತಪ್ಪ" ಎಂದರು ಅಜ್ಜಿ. "ನೀ ಹೇಳಿದ್ದೂ ಸರೀನೇ. ನಮ್ಮೋಣೇರು ಕೇಳಬೇಕಲ್ಲ. ಅವತ್ತು ಒನಕೆ ಕಿತ್ಕಂಡೋಳ ಮೊಮ್ಮಗಳು ಎದುರು ಮನೇಲೇ ಅವಳೆ. 'ನೋಡ್ದ್ಯಾ, ನಮ್ಮಜ್ಜಿ ಅಂದಿದ್ದೇ ದಿಟ' ಅಂತಾಳೆ. ನಮ್ಮವ್ವ ಸತ್ತ ಮ್ಯಾಲೆ ರಂಡೆ ಅನ್ನಿಸ್ಕಬೇಕಾ?"

ಅಜ್ಜಿ ನನ್ನ ಕೈ ಹಿಡಿದು ಭಾಷೆ ತೆಗೆದುಕೊಂಡರು. ಊರಿನಲ್ಲಿ ಯಾರಿಗೂ ಹೇಳಬಾರದು. ಕಲ್ಲಿನ ಮೇಲೆ ಅಪ್ಪನ ಹೆಸರು ಬರಬಾರದು. ಬಂದರೆ ಸತ್ತದ್ದು ಗೊತ್ತಾಗುತ್ತದೆ, ಯಾವಾಗ ಎಂಬುದೂ ಗೊತ್ತಾಗುತ್ತದೆ.

ಮಹಾಲಯ ಅಮಾವಾಸ್ಯೆಯ ದಿನ ಅಜ್ಜಿ ಹೇಳಿ ಕಳಿಸಿದ್ದಕ್ಕೆ ಅವರ ಮನೆಗೆ ಹೋದೆ. ಒಳಮನೆಯಲ್ಲಿ ಪ್ರತಿ ವರ್ಷದಂತೆ ರುದ್ರಮ್ಮನ ಎಡೆ: ಸೀರೆ, ಕುಬಸ, ಹಸಿರು ಬಳೆ, ಕುಂಕುಮದ ಬಟ್ಟಲು, ಹೋಳಿಗೆ. ಅಜ್ಜಿ ಆ ಬಾಗಿಲು ಎಳೆದು ಚಿಲಕ ಹಾಕಿದರು. ಆಮೇಲೆ ಪಡಸಾಲೆಯ ಮೂಲೆಯಲ್ಲಿ ಇನ್ನೊಂದು ಎಲೆ ಹಾಸಿದರು. ಹೊಸ ಪಂಚೆ, ಟವೆಲ್ಲು, ಕರಡಿಗೆ. ಸೊಸೆಗೆ ಅದು ಯಾರದೋ ಹರಕೆಯ ಎಡೆ ಎಂದು ಹೇಳಿದ್ದರು.

"ಒಳಗೆ ಜೊತೆಗೇ ಇಡಬಹುದಿತ್ತಲ್ಲ ಅಜ್ಜಿ?"

"ಬ್ಯಾಡಪ್ಪ" ಎಂದು ಪಿಸುಗುಟ್ಟಿದರು. "ಅವ್ವಂಗೆ ಕಾಣಿಸ್ತದೆ."

ವಾದ ಮಾಡಬೇಕೆಂದು ನನಗೆ ಅನಿಸದೇ ಹೋದದ್ದು ಅದೇ ಮೊದಲು.

ಹಬ್ಬ ಕಳೆದು ಸಂಘದ ಸಭೆ ಸೇರಿತು. ಸತ್ತ ಇಬ್ಬರ ಹೆಸರಿಗೆ ಒಪ್ಪಿಗೆ ಸಿಕ್ಕಿತು. ಚನ್ನಬಸಪ್ಪನ ಹೆಸರು ಬಂದಾಗ, ಅವನ ಮನೆಯವರೇ ಬೇಡ ಅಂದಿದ್ದಾರೆ ಎಂದು ಯಾರೋ ಹೇಳಿದರು.

"ಯಾಕೆ ಬ್ಯಾಡ ಅಂತಾರೆ ಗೊತ್ತಿಲ್ವಾ?" ಎಂದ ಮಂಜಣ್ಣ. "ಸತ್ತಿದ್ರೆ ತಾನೇ ಕಲ್ಲು? ನಮ್ಮ ಮುತ್ತಾತ ಅಲ್ಲಿ ಪ್ರಾಣ ಕೊಟ್ಟ. ಆ ವಯ್ಯ ಕೆಲಸ ಬಿಟ್ಟು ಓಡೋಗಿ, ಬರ್ಮಾದೋಳ್ನ ಕಟ್ಕಂಡು ಮಜವಾಗಿದ್ದ."

"ಇಲ್ಲಿ ಹೆಂಡ್ತಿ ಬಳೆ ಇಟ್ಕಂಡು ಕಾಯ್ತಾ ಕುಂತಿದ್ಳು, ಪಾಪ" ಎಂದ ಇನ್ನೊಬ್ಬ. ಎಲ್ಲರೂ ನಕ್ಕರು. ನನ್ನ ತಲೆಯೊಳಗೆ ಉತ್ತರ ಸಿದ್ಧವಾಗಿ ನಿಂತಿತ್ತು. ರಸೂಲ್ ಸಾಬರ ಧ್ವನಿ ಜೇಬಿನ ಫೋನಿನಲ್ಲಿತ್ತು. ಒತ್ತಿದ್ದರೆ ಸಾಕು, ನಗು ನಿಲ್ಲುತ್ತಿತ್ತು.

"ಏನ್ಲೇ ಲಾಯರ್, ಬಾಯಿ ಬಿದ್ದೋಗೈತಾ ಇವತ್ತು? ಹುಡುಕಾಕೆ ಹೋಗಿದ್ಯಲ್ಲ, ಏನು ಸಿಕ್ತು?"

"ಏನೂ ಸಿಗಲಿಲ್ಲ" ಎಂದೆ.

"ಸಿಗಾದಿಲ್ಲ ಬಿಡು. ಓಡೋದೋರು ಗುರುತು ಬಿಟ್ಟು ಹೋಗ್ತಾರಾ?"

ಕಲ್ಲಿನ ಮೇಲೆ ಎರಡೇ ಹೆಸರು ಎಂದು ಬರೆದುಕೊಂಡರು. ಜ್ವರದಲ್ಲಿ ಸತ್ತು, ಇಂಜಿನ್ನಿನ ಬೂದಿ ಹಚ್ಚಿಸಿಕೊಂಡು, ಹಳಿಯ ಪಕ್ಕದಲ್ಲಿ ಕೂತ ಮನುಷ್ಯ ನಮ್ಮೂರಿನಲ್ಲಿ ಓಡಿಹೋದವನೆಂದು ಖಾಯಂ ಆದ. ನಾನು ಅಲ್ಲೇ ಕುರ್ಚಿಯ ಮೇಲೆ ಕೂತಿದ್ದೆ.

ಮರುದಿನ ಬೆಳಿಗ್ಗೆ ಅಜ್ಜಿ ತಾವೇ ನಮ್ಮ ಮನೆಯ ತನಕ ಕೋಲೂರಿಕೊಂಡು ಬಂದರು. ಜಗಲಿಯ ಮೇಲೆ ಕೂತು, ಸೆರಗಿನಲ್ಲಿ ಮುಖ ಒರೆಸಿಕೊಂಡು, "ಸಭೆ ಆಯ್ತಂತೆ. ಹೇಳಲಿಲ್ಲ ತಾನೆ?" ಎಂದರು.

"ಇಲ್ಲ ಅಜ್ಜಿ. ಯಾರಿಗೂ ಗೊತ್ತಾಗಲಿಲ್ಲ."

"ಒಳ್ಳೇದಾತು." ಸ್ವಲ್ಪ ಹೊತ್ತು ಕೋಲನ್ನು ನೆಲಕ್ಕೆ ತಿರುವುತ್ತ ಕೂತರು. ಆಮೇಲೆ, ಕೇಳಲೋ ಬೇಡವೋ ಎಂಬಂತೆ ಕೇಳಿದರು: "ನಮ್ಮಪ್ಪನ ಹೆಸರು ಯಾರಾದ್ರೂ ಎತ್ತಿದ್ರಾ? ಅವನ ಬಗ್ಗೆ ಏನಾರ ಅಂದ್ರಾ?"

ಸುಳ್ಳಿನ ಅಭ್ಯಾಸವಿಲ್ಲ ಎಂದು ಆಗಲೇ ಬರೆದೆನಲ್ಲ. ಸಭೆಯಲ್ಲಿ ಒಂದು ಹೇಳಿದ್ದೆ, ಇದು ಎರಡನೆಯದು.

"ಎತ್ತಿದ್ರು ಅಜ್ಜಿ. ಪಾಪ, ಒಳ್ಳೆ ಮನುಷ್ಯ ಅಂದ್ರು."

ಅಜ್ಜಿಯ ಮುಖ ಅರಳಿತು. "ಯಾರು ಅಂದಿದ್ದು?" ಎಂದು ಆಸೆಯಿಂದ ನನ್ನ ಕಡೆಗೆ ಬಾಗಿದರು. ಹೆಸರು ಬೇಕಿತ್ತು ಅವರಿಗೆ. ನನಗೆ ತಕ್ಷಣ ಒಂದೂ ಹೆಸರು ಹೊಳೆಯಲಿಲ್ಲ. ಆ ಒಂದು ಕ್ಷಣದ ತಡವರಿಕೆಯಲ್ಲಿ ಅವರಿಗೆ ಎಲ್ಲವೂ ತಿಳಿಯಿತು. ಅವರ ಮುಖ ಇಳಿದದ್ದನ್ನು ನಾನು ನೋಡಿದೆ. ಕೋಲು ಹಿಡಿದು ಎದ್ದರು. ಕೈ ಹಿಡಿದು ಮೆಟ್ಟಿಲು ಇಳಿಸಲು ಹೋದೆ, "ಇರ್ಲಿ ಬಿಡಪ್ಪ" ಎಂದು ತಾವೇ ಇಳಿದು ಹೋದರು.

ಕಲ್ಲು ಈಗ ನಿಂತಿದೆ. ಬಸ್ಸಿಗೆ ಕಾಯುವವರು ಅದಕ್ಕೆ ಒರಗಿ ನಿಲ್ಲುತ್ತಾರೆ. ಸತ್ಯ ಗೊತ್ತಾದರೆ ಜನರಿಗೆ ಒಳ್ಳೆಯದೇ ಆಗುತ್ತದೆ ಎಂದು ಎಷ್ಟೋ ವೇದಿಕೆಗಳಲ್ಲಿ ಗಂಟಲು ಹರಿಯುವಂತೆ ವಾದಿಸಿದ್ದೇನೆ. ಈಗಲೂ ಅದು ಸುಳ್ಳೆಂದು ಹೇಳಲಾರೆ. ಆದರೆ ಆ ಅಜ್ಜಿಗೆ ಮೊದಲು ಇದ್ದದ್ದು ಒಂದು ಅನುಮಾನ. ಅದರಲ್ಲಿ ಅಪ್ಪನಿಗೂ ಅವ್ವನಿಗೂ ಜಾಗವಿತ್ತು. ನಾನು ತಂದುಕೊಟ್ಟ ಸತ್ಯದಲ್ಲಿ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಜಾಗವಿತ್ತು. ಅವರು ಅವ್ವನನ್ನು ಉಳಿಸಿಕೊಂಡರು. ಅಪ್ಪನಿಗಾಗಿ ಊರಿನಲ್ಲಿ ಒಂದು ಮಾತಾಡಬಲ್ಲವನು ನಾನೊಬ್ಬನೇ. ಮಾತಾಡುವುದಿಲ್ಲ ಎಂದು ಭಾಷೆ ಕೊಟ್ಟಿದ್ದೇನೆ.